ಬಾಯಿ ಬಿಟ್ಟ ದಂತವೈದ್ಯರು

"ಊರಿನವರ ಬಾಯೆಲ್ಲ ನನ್ನ ಕೈಯಲ್ಲಿದೆ. ನನ್ನ ಬಾಯಿ ನನ್ನ ಕೈಯಲ್ಲಿ ಇರೋದಿಲ್ವಾ?"

ದಂತವೈದ್ಯರು ಊಟದ ಮೇಜಿನ ಮುಂದೆ ನಿಂತು ಹೀಗೆಂದು ಘೋಷಿಸಿದಾಗ ಅವರ ಹೆಂಡತಿ ನೀರಿನ ಲೋಟ ಕೆಳಗಿಟ್ಟು ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. ಇಂಥ ಘೋಷಣೆಗಳ ಆಯುಸ್ಸು ಎಷ್ಟೆಂಬ ಅಂದಾಜು ಆಕೆಗೆ ಚೆನ್ನಾಗಿಯೇ ಇತ್ತು.

ಇಷ್ಟಕ್ಕೂ ಆಗಿದ್ದೇನೆಂದರೆ, "ಬಾತಜ್ಜಿಯ ಕೊನೆಯ ಹಾರಾಟ" ಎಂಬ ಕಾರ್ಟೂನ್ ಸಿನಿಮಾ ಇನ್ನೊಂದು ವಾರದಲ್ಲಿ ತೆರೆಗೆ ಬರುವುದಿತ್ತು. ಮುದಿ ಬಾತುಕೋಳಿಯೊಂದು ಮೊಮ್ಮಕ್ಕಳ ದಂಡು ಕಟ್ಟಿಕೊಂಡು ಸಮುದ್ರ ದಾಟುವ ಕಥೆ. ಟ್ರೇಲರ್ ಬಂದ ದಿನದಿಂದ ಊರಿನ ಮಕ್ಕಳ ಕಾಲು ನೆಲದ ಮೇಲಿರಲಿಲ್ಲ. ದೊಡ್ಡವರದೂ ಅದೇ ಪಾಡು. ಟ್ರೇಲರಿನ ಕೊನೆಯಲ್ಲಿ ಬಾತಜ್ಜಿ ಹಿಂದೆ ಬಿದ್ದು ಕಪ್ಪು ಮೋಡದೊಳಗೆ ಮಾಯವಾಗುತ್ತಾಳೆ. ಒಂದೇ ಒಂದು ಬಿಳಿ ಗರಿ ತೇಲುತ್ತ ತೇಲುತ್ತ ಕೆಳಗಿಳಿಯುತ್ತದೆ. ಅಲ್ಲಿಗೆ ಮುಗಿಯಿತು. ಅಜ್ಜಿ ಉಳಿಯುತ್ತಾಳೋ ಇಲ್ಲವೋ?

ಈ ಪ್ರಶ್ನೆಯ ಮೇಲೆ ಶಾಲೆಯಲ್ಲಿ ಎರಡು ಪಕ್ಷಗಳು ಹುಟ್ಟಿಕೊಂಡಿದ್ದವು. ಹೆಸರಿನಲ್ಲೇ "ಕೊನೆಯ" ಅಂತಿದೆಯಲ್ಲ, ಇನ್ನೇನು ಬೇಕು ಸಾಕ್ಷಿ ಎಂದು ಒಂದು ಪಕ್ಷ. ಗರಿ ಉದುರಿದ ಮಾತ್ರಕ್ಕೆ ಹಕ್ಕಿ ಸತ್ತಿತೆಂದು ಅರ್ಥವಲ್ಲ, ತಲೆಯಲ್ಲಿ ಒಂದು ಕೂದಲೂ ಉಳಿಯದ ಗಣಿತದ ಮೇಷ್ಟ್ರು ಆರೋಗ್ಯವಾಗಿಲ್ಲವೇ ಎಂದು ಇನ್ನೊಂದು ಪಕ್ಷ. ಈ ಎರಡನೆಯ ಪಕ್ಷದ ನಾಯಕಿ ದಂತವೈದ್ಯರ ಮಗಳು. ನಿಂತಲ್ಲಿ ನಿಲ್ಲದ ಹುಡುಗಿಯಾದ್ದರಿಂದ ಎಲ್ಲರೂ ಅವಳನ್ನು ಬುಗುರಿ ಎನ್ನುತ್ತಿದ್ದರು. ತಲೆದಿಂಬಿನ ಹೊಟ್ಟೆ ಬಗೆದು ಗರಿ ಮಾಡಿಕೊಂಡಿದ್ದಳು. ಮನೆಯೊಳಗೆ ಕಾಲು ಅಗಲಿಸಿಕೊಂಡು ಬಾತಿನ ಹಾಗೆಯೇ ಓಡಾಡುತ್ತಿದ್ದಳು. ಮೊದಲ ದಿನದ ಮೊದಲ ಆಟಕ್ಕೆ ಇಡೀ ತರಗತಿಯನ್ನು ಒಟ್ಟಿಗೆ ಕರೆದೊಯ್ಯುವ ಏರ್ಪಾಡೂ ಅವಳದೇ.

ಅಷ್ಟರಲ್ಲಿ ಥಿಯೇಟರಿನ ಮ್ಯಾನೇಜರು ದಂತವೈದ್ಯರಿಗೆ ಒಂದು ಪಾಸು ಕಳಿಸಿದರು. ಅವರ ಮುಂದಿನ ಹಲ್ಲುಗಳನ್ನು ಕೂರಿಸಿಕೊಟ್ಟಿದ್ದು ಇವರೇ. ಹೊರ ಊರಿನ ಸಿನಿಮಾ ವರದಿಗಾರರಿಗಾಗಿ ಬಿಡುಗಡೆಗೆ ಮುಂಚೆ ಒಂದು ಆಟ ಇತ್ತು. ಮಕ್ಕಳಿಗೆ ಪ್ರವೇಶವಿರಲಿಲ್ಲ. ತಾನು ಹೋಗುವುದು ಬರೀ ಕರ್ತವ್ಯಕ್ಕಾಗಿ, ಮಕ್ಕಳಿಗೆ ತೋರಿಸಲು ತಕ್ಕ ಸಿನಿಮಾ ಹೌದೋ ಅಲ್ಲವೋ ಎಂದು ಪರೀಕ್ಷಿಸುವುದು ತಂದೆಯಾದವನ ಹೊಣೆ ಎಂದು ಅವರು ಗಂಭೀರವಾಗಿ ವಿವರಿಸಿದರು. ಒಬ್ಬ ರೋಗಿ ಎದ್ದು ಇನ್ನೊಬ್ಬ ಬರುವ ಸಂದಿನಲ್ಲಿ, ಕ್ಲಿನಿಕ್ಕಿನ ಬಾಗಿಲಿಗೆ ಚಿಲಕ ಹಾಕಿಕೊಂಡು ಆ ಟ್ರೇಲರನ್ನು ತಾವೇ ಮತ್ತೆ ಮತ್ತೆ ನೋಡುತ್ತಿದ್ದ ಸಂಗತಿಯನ್ನು ವಿವರಿಸಲಿಲ್ಲ. ವಿವರಿಸುವುದಾದರೂ ಹೇಗೆ? ಊರು ಅವರನ್ನು ಕರೆಯುತ್ತಿದ್ದದ್ದು ಕಲ್ಲುಡಾಕ್ಟರೆಂದು. ಎಂಥ ಬುದ್ಧಿಹಲ್ಲು ಕಿತ್ತರೂ ಅವರ ಹುಬ್ಬು ಅಲುಗಿದ್ದನ್ನು ಕಂಡವರಿರಲಿಲ್ಲ.

ಬುಗುರಿ ಹೊಟ್ಟೆಕಿಚ್ಚು ನುಂಗಿಕೊಂಡು ಒಪ್ಪಿದಳು. ಆದರೆ ಷರತ್ತು ಹಾಕಿದಳು. "ನನಗೆ ಹೇಳಬಾರ್ದು. ಬೇರೆ ಯಾರಿಗೂ ಹೇಳಬಾರ್ದು. ಮುಖದಲ್ಲೂ ತೋರಿಸಬಾರ್ದು." ಬಾಯಿ ಮತ್ತು ಕೈಯ ಕುರಿತಾದ ಆ ಘೋಷಣೆ ಹೊರಟಿದ್ದು ಆಗಲೇ.

ಥಿಯೇಟರಿನಲ್ಲಿ ಅವರು ಕೂತದ್ದೇನೋ ಭಾರಿ ಠೀವಿಯಿಂದ. ಬಾತುಕೋಳಿಗೆ ಹಲ್ಲೇ ಇಲ್ಲ, ತನಗೂ ಅದಕ್ಕೂ ಏನು ಸಂಬಂಧ ಎಂಬ ಭಂಗಿ. ಅರ್ಧ ಆಟ ಆಗುವ ಹೊತ್ತಿಗೆ ಭಂಗಿ ಸಡಿಲವಾಗಿತ್ತು. ನೆಟ್ಟಗೆ ಹಾರಲು ಬಾರದ ಒಂದು ಮರಿ ಇತ್ತು. ಅದಕ್ಕೆ ಬಿರುಗಾಳಿ ತಾಗದಂತೆ ಬಾತಜ್ಜಿ ತನ್ನ ನೋಯುವ ರೆಕ್ಕೆಯನ್ನೇ ಅಡ್ಡ ಹಿಡಿದಳು. ದಂತವೈದ್ಯರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. ಮುಂದೆ ಕಪ್ಪು ಮೋಡ ಬಂತು. ಅಜ್ಜಿ ಹಿಂದೆ ಬಿದ್ದಳು. ಇವರ ಕನ್ನಡಕ ಮಬ್ಬಾಯಿತು, ಗಲ್ಲ ನಡುಗಿತು, ಒಳಗಿನಿಂದ ಬಿಕ್ಕಳಿಕೆಯಂಥದೊಂದು ಹೊರಟು ಹೊರಬರಲು ದಾರಿ ಹುಡುಕತೊಡಗಿತು. ಪಕ್ಕದ ವರದಿಗಾರ ತಿರುಗಿ ನೋಡುವುದರೊಳಗೆ ಕಲ್ಲುಡಾಕ್ಟರು ಎದ್ದು ಬಗ್ಗಿಕೊಂಡು ಹೊರಗೋಡಿದರು.

ಶೌಚಾಲಯದಲ್ಲಿ ಮುಖ ತೊಳೆದರು. ಅಜ್ಜಿ ನೆನಪಾದಳು. ಮತ್ತೆ ತೊಳೆದರು. ಕೈ ಒಣಗಿಸುವ ಯಂತ್ರದ ಕೆಳಗೆ ಕತ್ತು ಓರೆ ಮಾಡಿ ಕೆನ್ನೆ ಒಣಗಿಸಿಕೊಂಡು ಒಳಗೆ ಹೋದರೆ ಆಗಲೇ ದೀಪ ಹತ್ತಿತ್ತು. ಎಲ್ಲರೂ ಕಣ್ಣೊರೆಸಿಕೊಳ್ಳುತ್ತಿದ್ದರು. ಇನ್ನು ಕೇಳುವುದೇನಿದೆ? ಅಜ್ಜಿಯ ಕಥೆ ಮುಗಿಯಿತು. ಹಾಗೇನಾದರೂ ಕೇಳಿದರೆ, ನೀವೆಲ್ಲಿಗೆ ಹೋಗಿದ್ದಿರಿ ಎಂಬ ಮರುಪ್ರಶ್ನೆ ಬರುವ ಅಪಾಯ ಬೇರೆ ಇತ್ತು.

ಆ ರಾತ್ರಿ ಊಟಕ್ಕೆ ಕೂತಾಗ ಅವರು ತಲೆ ಎತ್ತಲಿಲ್ಲ. ಚೆನ್ನಾಗಿತ್ತು ಎಂಬ ಒಂದು ಪದದ ಹೊರತು ಬೇರೇನೂ ಆಡಲಿಲ್ಲ. ಮಗಳು ಮುಖ ಓದಲು ಬಂದಾಗಲೆಲ್ಲ ದಿನಪತ್ರಿಕೆಯ ಹಿಂದೆ ಅಡಗಿದರು. ಪತ್ರಿಕೆ ತಲೆಕೆಳಗಾಗಿತ್ತು ಎನ್ನುವುದು ಬೇರೆ ಮಾತು. ಆದರೆ ಗುಟ್ಟೆಂಬುದು ಹುಳುಕು ಹಲ್ಲಿನ ಬಾವಿನ ಹಾಗೆ. ಬೆಳಗಾಗುವಷ್ಟರಲ್ಲಿ ಊದಿಕೊಂಡು ಸಿಡಿಯುತ್ತಿತ್ತು.

ಮೊದಲ ರೋಗಿ ಚಪ್ಪಲಿ ಅಂಗಡಿಯ ಯಜಮಾನರು. ದವಡೆಗೆ ಸೂಜಿ ಚುಚ್ಚಿ, ಕೆನ್ನೆಯ ಎರಡೂ ಕಡೆ ಹತ್ತಿ ತುರುಕಿ, ಬಾಯಿಗೆ ನಳಿಕೆ ಸಿಕ್ಕಿಸಿದ್ದೂ ಆಯಿತು. ಆಗ ದಂತವೈದ್ಯರಿಗೆ ಜ್ಞಾನೋದಯವಾಯಿತು. ಆಹಾ, ಇಲ್ಲೊಬ್ಬ ಮನುಷ್ಯನಿದ್ದಾನೆ. ಕಿವಿ ಇದೆ. ಬಾಯಿ ಇದ್ದೂ ಇಲ್ಲ. ಇವನಿಗೆ ಹೇಳಿದರೆ ಗೋಡೆಗೆ ಹೇಳಿದಂತೆ. ಕೊರೆಯುವ ಯಂತ್ರ ಒತ್ತಿ ಹಿಡಿದು, ಆ ಸದ್ದಿನ ಮರೆಯಲ್ಲಿ, ಬಾತಜ್ಜಿ ಹೇಗೆ ತೀರಿಕೊಂಡಳೆಂದು ಪೂರ್ತಿ ಹೇಳಿಬಿಟ್ಟರು. ಯಜಮಾನರ ಕಣ್ಣು ದೊಡ್ಡದಾಯಿತು, ಅದರ ಅಂಚಿನಿಂದ ನೀರಿಳಿಯಿತು. ದಂತವೈದ್ಯರಿಗೆ ಎದೆ ಹಗುರಾಯಿತು.

ಹಗುರಾದದ್ದು ಒಂದು ಗಳಿಗೆ ಮಾತ್ರ. ಎರಡನೆಯ ರೋಗಿ ಶಾಲೆಯ ಮುಖ್ಯೋಪಾಧ್ಯಾಯಿನಿ. ಅವರ ಬಾಯಿಯೂ ತುಂಬಿತ್ತು. ಅವರಿಗೂ ಹೇಳಿದರು. ಈ ಸಲ ಕಥೆ ಇನ್ನಷ್ಟು ಮೈತುಂಬಿಕೊಂಡಿತು. ತಾವು ನೋಡದೇ ಇದ್ದ ಭಾಗಕ್ಕೆ ಸ್ವಂತ ಕೈಚಳಕ ಸೇರಿತು. ಸಾಯುವ ಮುನ್ನ ಬಾತಜ್ಜಿ, "ಮಕ್ಕಳೇ, ನಾನಿಲ್ಲದಿದ್ರೂ ಗಾಳಿ ಇರುತ್ತೆ" ಎಂದಳಂತೆ. ಮೂರನೆಯವನಾದ ಬಸ್ ಡ್ರೈವರನ ಹೊತ್ತಿಗೆ ದಂತವೈದ್ಯರು ಈ ಮಾತನ್ನು ಬಾತಿನ ನಡುಗುದನಿಯಲ್ಲೇ ಹೇಳುತ್ತಿದ್ದರು. ಸಲಕರಣೆ ಕೊಡಲು ನಿಂತಿದ್ದ ನರ್ಸು ಮೂಗು ಸೀಟಲು ಹೊರಗೆ ಹೋದವಳು ಬೇಗ ಒಳಗೆ ಬರಲಿಲ್ಲ. ಅವತ್ತು ಹಲ್ಲು ತೋರಿಸಲು ಬಂದವರೆಲ್ಲ ಕಣ್ಣೊರೆಸಿಕೊಂಡೇ ಮನೆಗೆ ಹೋದರು.

ಮರಗಟ್ಟಿದ ತುಟಿ ಒಂದೆರಡು ಗಂಟೆಯಲ್ಲಿ ಸರಿಹೋಗುತ್ತದೆ, ಆಮೇಲೆ ಧಾರಾಳವಾಗಿ ಮಾತಾಡಬಹುದು ಎಂದು ಪ್ರತಿಯೊಬ್ಬ ರೋಗಿಗೂ ಧೈರ್ಯ ಹೇಳಿ ಕಳಿಸುತ್ತಿದ್ದವರು ಇವರೇ. ಆ ಮಾತಿನ ಅರ್ಥ ಮಾತ್ರ ಇವರಿಗೆ ಹೊಳೆಯಲಿಲ್ಲ.

ಸಂಜೆಗೆ ತುಟಿಗಳೆಲ್ಲ ಎಚ್ಚರಗೊಂಡವು. ಚಪ್ಪಲಿ ಅಂಗಡಿಯಲ್ಲಿ ಜೋಡು ಅಳತೆ ನೋಡಲು ಬಂದವರಿಗೆಲ್ಲ ಅಜ್ಜಿಯ ಸುದ್ದಿ ಸಿಕ್ಕಿತು. ಡ್ರೈವರು ಬಸ್ಸು ತಿರುವಿದಲ್ಲೆಲ್ಲ ಸುದ್ದಿಯೂ ತಿರುಗಿತು. ಮುಖ್ಯೋಪಾಧ್ಯಾಯಿನಿಯಂತೂ ಸಾಧ್ವಿ, ಮಕ್ಕಳು ಥಿಯೇಟರಿನಲ್ಲಿ ಒಮ್ಮೆಲೇ ಎದೆಯೊಡೆದುಕೊಳ್ಳಬಾರದೆಂದು ಮರುದಿನವೇ ಎಲ್ಲರನ್ನೂ ಅಂಗಳದಲ್ಲಿ ಸೇರಿಸಿ, ಅಗಲಿಕೆ ಎಂಬುದು ಬಾಳಿನ ಒಂದು ಭಾಗ ಎಂದು ಮೆತ್ತಗೆ ಉಪದೇಶಿಸಿದರು. ಚಿಕ್ಕ ತರಗತಿಯವರು ಗೋಳೋ ಎಂದು ಅತ್ತರು. ಇಂಥದನ್ನು ತೋರಿಸಲು ಮಕ್ಕಳನ್ನು ಕರೆದೊಯ್ಯಬೇಕೇ ಎಂದು ತಂದೆತಾಯಂದಿರು ಒಬ್ಬೊಬ್ಬರಾಗಿ ಮೊದಲ ಆಟದಿಂದ ಹಿಂದೆ ಸರಿದರು. ಮಧ್ಯಾಹ್ನದೊಳಗೆ "ಉಳೀತಾಳೆ" ಪಕ್ಷದಲ್ಲಿ ಉಳಿದವಳು ಬುಗುರಿ ಒಬ್ಬಳೇ.

ಅವಳು ಮನೆಗೆ ಬಂದಾಗ ಬಾತಿನ ನಡಿಗೆ ಇರಲಿಲ್ಲ. ಚೀಲ ಕೆಳಗಿಟ್ಟು ಅಪ್ಪನ ಎದುರು ಕೂತಳು.

"ಬಾತಜ್ಜಿ ಸಾಯ್ತಾಳಂತೆ. ಎಲ್ರಿಗೂ ಗೊತ್ತು. ನಿಮ್ಮಪ್ಪಾನೇ ಹೇಳಿರಬೇಕು ಅಂದ್ರು. ನಾನು ಜಗಳ ಆಡಿದೆ. ನಮ್ಮಪ್ಪ ನನಗೇ ಹೇಳಿಲ್ಲ, ಬೇರೆಯವರಿಗೆ ಹೇಳ್ತಾರಾ ಅಂದೆ."

ಗಟ್ಟಿ ಹಲ್ಲೊಂದನ್ನು ಬೇರು ಸಮೇತ ಕಿತ್ತಂತಾಯಿತು ದಂತವೈದ್ಯರಿಗೆ. ಅವರ ಹೆಂಡತಿ ಮಗಳನ್ನು ಕೈಕಾಲು ತೊಳೆಯಲು ಕಳಿಸಿ, ಬಾಗಿಲು ಮುಂದೆ ಮಾಡಿ, ಗಂಡನ ಕಡೆ ತಿರುಗಿದರು.

"ಬಾಯಿ ಬಿಡಿ."

ದಿನವಿಡೀ ತಾವು ಊರಿಗೆ ಹೇಳುವ ಮಾತು. ತಮಗೇ ಹೇಳಿಸಿಕೊಂಡಾಗ ಅದು ಎಷ್ಟು ಭಯಂಕರವೆಂದು ಅವರಿಗೆ ಮೊದಲ ಸಲ ಗೊತ್ತಾಯಿತು. ಬಾಯಿ ಬಿಟ್ಟರು. ಚಪ್ಪಲಿ ಅಂಗಡಿ, ಮುಖ್ಯೋಪಾಧ್ಯಾಯಿನಿ, ಡ್ರೈವರು, ಬಾತಿನ ದನಿ, ಎಲ್ಲವೂ ಬಂತು. ಶೌಚಾಲಯದ ವಿಷಯ ಮಾತ್ರ ಬರಲಿಲ್ಲ.

ಅದನ್ನು ಹೊರತೆಗೆಯಲು ಥಿಯೇಟರಿನ ಮ್ಯಾನೇಜರೇ ಬರಬೇಕಾಯಿತು. ಅವರು ಕೆಂಪು ಮುಖ ಮಾಡಿಕೊಂಡು ಅದೇ ಸಂಜೆ ಮನೆಗೆ ನುಗ್ಗಿದರು. ಜನ ಟಿಕೆಟ್ ವಾಪಸು ಮಾಡುತ್ತಿದ್ದಾರೆ, ಹೀಗೇ ಆದರೆ ಮೊದಲ ಆಟವನ್ನೇ ರದ್ದು ಮಾಡಬೇಕಾಗುತ್ತದೆ ಎಂದು ಗೋಳಿಟ್ಟು, ಕೊನೆಗೆ ಬೆರಳು ಎತ್ತಿದರು.

"ಕೊನೆ ನೋಡಿದ ಮನುಷ್ಯ ಯಾವನೂ ಹೀಗೆ ಹೇಳಲ್ಲ, ಡಾಕ್ಟ್ರೇ. ನಿಜ ಹೇಳಿ. ನೀವು ಕೊನೆ ನೋಡಿದ್ರಾ?"

ದಂತವೈದ್ಯರು ಗೋಡೆಯ ಗಡಿಯಾರ ನೋಡಿದರು, ಚಾವಣಿ ನೋಡಿದರು, ಕಡೆಗೆ ಬಾಗಿಲ ಸಂದಿಯಲ್ಲಿ ನಿಂತಿದ್ದ ಮಗಳನ್ನು ನೋಡಿದರು. ಅಡಗಲು ದಿನಪತ್ರಿಕೆಯೂ ಕೈಗೆ ಸಿಗಲಿಲ್ಲ. ಅಳು ಬಂತು, ಅದಕ್ಕೇ ಹೊರಗೆ ಹೋಗಿದ್ದೆ ಎಂದು ತಮ್ಮ ಪಾದಗಳಿಗೆ ಹೇಳಿದರು. ಹಾಗಾದರೆ ಕೊನೆಯಲ್ಲಿ ಏನಾಗುತ್ತದೆ ಎಂದು ಆಸೆಯಿಂದ ಕೇಳಿದ್ದಕ್ಕೆ ಮ್ಯಾನೇಜರು, ನಿಮಗಂತೂ ಹೇಳುವುದಿಲ್ಲ ಎಂದು ಮುಖ ತಿರುಗಿಸಿದರು.

ಬುಗುರಿ ಕೋಪ ಮಾಡಿಕೊಳ್ಳುತ್ತಾಳೆಂದು ಎಲ್ಲರೂ ಕಾದರು. ಅವಳು ಹತ್ತಿರ ಬಂದು ಅಪ್ಪನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಪರೀಕ್ಷಿಸಿದಳು.

"ನಿಜವಾಗ್ಲೂ ಅತ್ರಾ? ನೀವು?"

"ಹೂಂ."

"ಹಾಗಾದ್ರೆ ತುಂಬಾ ಒಳ್ಳೇ ಸಿನಿಮಾನೇ ಇರಬೇಕು."

ವರದಿಗಾರರು ಯಾರೂ ಇದಕ್ಕಿಂತ ಒಳ್ಳೆಯ ವಿಮರ್ಶೆ ಬರೆದಿರಲಾರರು. ಆದರೆ ಇದಿಷ್ಟರಿಂದ ಕ್ಷಮೆ ಸಿಗಲಿಲ್ಲ. ನಾಳೆ ಶಾಲೆಗೆ ಬಂದು ಎಲ್ಲರ ಮುಂದೆ ಇದನ್ನೇ ಹೇಳಬೇಕು ಎಂದು ಮಗಳು ತೀರ್ಪು ಕೊಟ್ಟಳು. ತಾಯಿ ಅದನ್ನು ಎತ್ತಿಹಿಡಿದರು. ಮ್ಯಾನೇಜರು ತಾವೇ ಕಾರಿನಲ್ಲಿ ಕರೆದೊಯ್ಯುವುದಾಗಿ ಹೇಳಿ, ತಪ್ಪಿಸಿಕೊಳ್ಳುವ ಕೊನೆಯ ದಾರಿಯನ್ನೂ ಮುಚ್ಚಿದರು.

ಶಾಲೆಯ ಸಭಾಂಗಣದ ವೇದಿಕೆಯ ಮೇಲೆ ದಂತವೈದ್ಯರು ನಿಂತರು. ಎದುರಿಗೆ ಇಡೀ ಶಾಲೆ. ಅದರಲ್ಲಿ ಅರ್ಧ ಜನ ಇವರ ಕುರ್ಚಿಯಲ್ಲಿ ಮಲಗಿ ಎದ್ದವರೇ. ತಾನು ಸಿನಿಮಾದ ಕೊನೆ ನೋಡಿಲ್ಲವೆಂದೂ, ಅಳು ತಡೆಯದೆ ಹೊರಗೆ ಹೋಗಿದ್ದೆನೆಂದೂ, ಅಜ್ಜಿಯ ಗತಿ ತನಗೆ ಗೊತ್ತಿಲ್ಲವೆಂದೂ ಹೇಳಿ ಮುಗಿಸಿದರು. ಆಮೇಲೆ ಮುಂದಿನ ಸಾಲಿನಲ್ಲಿ ಹಲ್ಲಿಲ್ಲದ ಒಬ್ಬ ಹುಡುಗಿ ಎದ್ದು ನಿಂತಳು.

"ಸುಳ್ಳು. ಸ್ವಲ್ಪಾನೂ ನೋವಾಗಲ್ಲ ಅಂತ ನನಗೆ ಹೇಳ್ದಾಗಲೂ ಹಿಂಗೇ ಹೇಳಿದ್ರು."

ಹೌದು ಹೌದು ಎಂದು ಹಿಂದಿನ ಸಾಲುಗಳೆಲ್ಲ ಎದ್ದವು. ನಮಗೂ ಹೇಳಿದ್ರು, ನಮ್ಮಣ್ಣನಿಗೂ ಹೇಳಿದ್ರು. ಕಲ್ಲುಡಾಕ್ಟರು ಅಳುತ್ತಾರೆಂದರೆ ನಂಬುವುದು ಹೇಗೆ? ಅಜ್ಜಿ ಸತ್ತದ್ದನ್ನು ಮುಚ್ಚಿಡಲು ದೊಡ್ಡವರೆಲ್ಲ ಸೇರಿ ಹೂಡಿದ ಆಟ ಇದು ಎಂದು ಮಕ್ಕಳು ತೀರ್ಮಾನಿಸಿದರು. ಮುಖ್ಯೋಪಾಧ್ಯಾಯಿನಿ ಮೇಜು ಬಡಿದು ಬಡಿದು ಸುಸ್ತಾದರು.

ಆಗ ಬುಗುರಿ ವೇದಿಕೆ ಹತ್ತಿ ಮುಖ್ಯೋಪಾಧ್ಯಾಯಿನಿಯ ಕಿವಿಯಲ್ಲಿ ಏನೋ ಹೇಳಿದಳು. ಸಭಾಂಗಣದ ಕಿಟಕಿಗಳು ಮುಚ್ಚಿದವು. ಮಕ್ಕಳ ಬೆನ್ನ ಹಿಂದಿನ ಗೋಡೆಯ ದೊಡ್ಡ ಪರದೆಯ ಮೇಲೆ ಟ್ರೇಲರ್ ಶುರುವಾಯಿತು. ದಂತವೈದ್ಯರಿಗೆ ಇದರ ಉದ್ದೇಶ ಅರ್ಥವಾಗಿ ಅವರು ಕಣ್ಣು ಬೇರೆಡೆ ಹೊರಳಿಸಲು ನೋಡಿದರು. ಹಲ್ಲಿಗೆ ತುಂಬುವ ಅಮಾಲ್ಗಂ, ಕ್ಲಿಪ್ಪು, ಕೃತಕ ದಂತಪಂಕ್ತಿ ಎಂದು ಒಣ ಒಣ ಸಂಗತಿಗಳನ್ನೆಲ್ಲ ನೆನೆದರು. ಕಪ್ಪು ಮೋಡ ಬಂತು. ಅಜ್ಜಿ ಹಿಂದೆ ಬಿದ್ದಳು. ಬಿಳಿ ಗರಿ ತೇಲಿತು. ಪರದೆಯ ಬೆಳಕಿನಲ್ಲಿ ಕಲ್ಲುಡಾಕ್ಟರ ಗಲ್ಲ ನಡುಗುವುದು ಕೊನೆಯ ಸಾಲಿನವರೆಗೂ ಕಂಡಿತು. ಮರುಗಳಿಗೆ ಊರಿನ ಬಾಯಿಗಳ ಒಡೆಯ ಇಡೀ ಶಾಲೆಯ ಮುಂದೆ ಬಾಯಿ ಅಗಲಿಸಿ, ಹಿಂದಿನ ದವಡೆಹಲ್ಲು ಕಾಣುವಂತೆ ಅತ್ತುಬಿಟ್ಟರು.

ಮಕ್ಕಳಿಂದ ಎದ್ದ ಚಪ್ಪಾಳೆ ನಿಲ್ಲಲೇ ಇಲ್ಲ.

ಮೊದಲ ಆಟದ ಟಿಕೆಟ್ಟುಗಳು ಸಂಜೆಯೊಳಗೆ ಖಾಲಿಯಾದವು. ಅರ್ಧ ಜನ ಬಾತಜ್ಜಿಯನ್ನು ನೋಡಲು, ಇನ್ನರ್ಧ ದಂತವೈದ್ಯರನ್ನು ನೋಡಲು ಎಂದು ಮ್ಯಾನೇಜರೇ ಆಮೇಲೆ ಒಪ್ಪಿಕೊಂಡರು. ಆ ದಿನ ದಂತವೈದ್ಯರು ಹೆಂಡತಿ ಮತ್ತು ಮಗಳ ನಡುವೆ ಕೂತಿದ್ದರು. ಈ ಸಲ ಏನೇ ಆದರೂ ಏಳಬಾರದೆಂದು ನಿಶ್ಚಯಿಸಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದಿದ್ದರು. ಮಾತಿಗೆ ತಪ್ಪಲಿಲ್ಲ, ಏಳಲಿಲ್ಲ. ಆದರೆ ಮೋಡ ಬಂದದ್ದೇ ಕಣ್ಣುಗಳು ಒಡ್ಡೊಡೆದವು. ಕನ್ನಡಕ ಒರೆಸಿ ಹಾಕಿಕೊಂಡರೆ ಮತ್ತೆ ಮಂಜು, ಒರೆಸಿದರೆ ಮತ್ತೆ ಮಂಜು. ಪರದೆಯ ಮೇಲೆ ಬಿಳಿಯದೇನೋ ಅಲುಗಿದಂತೆ ಕಂಡಿತು, ಅಷ್ಟೇ. ಸುತ್ತಲೂ ಮಕ್ಕಳು ಕುರ್ಚಿ ಹತ್ತಿ ನಿಂತು ಕೂಗುತ್ತಿದ್ದರು. ಚಪ್ಪಲಿ ಅಂಗಡಿಯ ಯಜಮಾನರು ಪಕ್ಕದವರನ್ನು ತಬ್ಬಿಕೊಂಡಿದ್ದರು. ಇವರು ಕನ್ನಡಕ ಒರೆಸಿ ಮುಗಿಸುವ ಹೊತ್ತಿಗೆ ದೀಪ ಹತ್ತಿತು.

ಹೆಂಡತಿಯನ್ನು ಕೇಳಿದರು. ಆಕೆ ನಕ್ಕು ಕೈಚೀಲ ಎತ್ತಿಕೊಂಡರು. ಡ್ರೈವರನನ್ನು ಕೇಳಿದರು. ಅವನು ತನ್ನ ದವಡೆ ಮುಟ್ಟಿ ತೋರಿಸಿ, ಸೂಜಿ ಹಾಕಿಸಿಕೊಂಡವನ ಹಾಗೆ ತಲೆಯಾಡಿಸಿ ಮುಂದೆ ಹೋದ. ಕೊನೆಗೆ ಬಾಗಿಲ ಬಳಿಯ ನೂಕುನುಗ್ಗಲಿನಲ್ಲಿ ದಂತವೈದ್ಯರು ಬಗ್ಗಿ, ಮಗಳ ಕಿವಿಯ ಹತ್ತಿರ ಪಿಸುದನಿಯಲ್ಲಿ ಕೇಳಿದರು.

"ಪುಟ್ಟಾ, ಅಜ್ಜಿಗೆ ಏನಾಯ್ತು?"

ಬುಗುರಿ ದಿಂಬಿನ ಗರಿಗಳನ್ನು ಸರಿಮಾಡಿಕೊಂಡು, ಅಪ್ಪನ ಕೆನ್ನೆ ತಟ್ಟಿದಳು.

"ಹೇಳಲ್ಲಪ್ಪ. ನಿಮ್ಮ ಬಾಯಿ ಸರಿಯಿಲ್ಲ. ಯಾರಾದ್ರೂ ಒಳ್ಳೇ ಡಾಕ್ಟ್ರಿಗೆ ತೋರಿಸ್ಕೊಳ್ಳಿ."