ಗುಡುಗು ಬರ್ತಾರೆ, ಟೀ ಇಡಿ

ಹೆಂಡತಿ ಬೇರೊಬ್ಬ ಗಂಡಸನ್ನು ಹೊಗಳಿದರೆ ಗಂಡನಿಗೆ ಹೊಟ್ಟೆಕಿಚ್ಚಾಗುವುದು ಲೋಕರೂಢಿ. ಆದರೆ ತನ್ನ ಮೇಲೆ ತನಗೇ ಹೊಟ್ಟೆಕಿಚ್ಚು ಬಂದು, ಮಾಡಿದ ಊಟ ಮೈಗೆ ಹತ್ತದೆ ಸೊರಗಿದ ಗಂಡ ಯಾರಾದರೂ ಇದ್ದರೆ ಅದು ನಮ್ಮ ಆಯ್ತಪ್ಪನವರೊಬ್ಬರೇ ಇರಬೇಕು.

ಆಯ್ತಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಷ್ಟಪಟ್ಟು ಸಂಪಾದಿಸಿದ ಬಿರುದು. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ ಮಾರುವ ದೊಡ್ಡ ಅಂಗಡಿಯೊಂದರ ದೂರಿನ ಕೌಂಟರಿನಲ್ಲಿ ಅವರಿಗೆ ಕೆಲಸ. ಕೆಟ್ಟ ಮಿಕ್ಸಿ ತಯಾರಿಸುವುದು ಕಂಪನಿ, ಮಾರುವುದು ಮ್ಯಾನೇಜರು, ಬೈಸಿಕೊಳ್ಳುವುದು ಇವರು. "ಆಯ್ತಪ್ಪಾ, ನೋಡೋಣ", "ಆಯ್ತಮ್ಮಾ, ಮಾಡಿಸಿಕೊಡೋಣ" ಎಂದು ಹೇಳಿ ಹೇಳಿ ಅದೇ ಹೆಸರಾಗಿಹೋಯಿತು. (ಕೆಲವರು ಮಿಕ್ಸಿಯ ದೂರು ಮುಗಿಸಿ, ಅಲ್ಲೇ ನಿಂತು ಅಳಿಯನ ಮೇಲಿನ ದೂರನ್ನೂ ಶುರುಮಾಡುತ್ತಿದ್ದರು. ಪಾಪ, ಅದನ್ನೂ ಕೇಳುತ್ತಿದ್ದರು.) ಮನೆಗೆ ಬಂದರೂ ಅದೇ ಬಾಯಿ. ಹೆಂಡತಿ ಶಾಲೆಯೊಂದರಲ್ಲಿ ಡ್ರಿಲ್ ಟೀಚರ್. ಕೊರಳಲ್ಲಿ ಸೀಟಿ, ಗಂಟಲಲ್ಲಿ ನಗಾರಿ. ಆಕೆ ಹೇಳಿದ್ದಕ್ಕೆಲ್ಲ ಇವರದು "ಆಯ್ತು". ಒಮ್ಮೆ ಹೊಸ ಶರ್ಟಿನ ತೋಳು ಹರಿದಿರುವುದು ಮನೆಗೆ ಬಂದಮೇಲೆ ಕಂಡಿತು. ವಾಪಸ್ಸು ಕೊಡಲು ನಾಚಿಕೆಯಾಗಿ, ಬಿರುಬೇಸಗೆಯಲ್ಲಿ ಅದರ ಮೇಲೆ ಸ್ವೆಟರ್ ಹಾಕಿಕೊಂಡು ಓಡಾಡಿದ ಮಹಾನುಭಾವರು ಇವರು.

ಇಂಥವರು ಒಂದು ಮಧ್ಯಾಹ್ನ, ಗೋದಾಮಿನ ಫ್ರಿಜ್ಜು ಪೆಟ್ಟಿಗೆಗಳ ಹಿಂದೆ ಕೂತು, ಮೊಬೈಲಿನಲ್ಲಿ ಬ್ಲಾಗು ಶುರುಮಾಡಿಬಿಟ್ಟರು. ಅವತ್ತು ಗಿರಾಕಿಯೊಬ್ಬರು ಮಿಕ್ಸಿಯ ಮುಚ್ಚಳವನ್ನು ಇವರ ಮುಖಕ್ಕೆ ಎಸೆದು ಹೋಗಿದ್ದರು. ಅವರಿಗೆ ಹೇಳಬೇಕಿದ್ದ, ಹೇಳದೆ ನುಂಗಿಕೊಂಡ ಮಾತನ್ನೆಲ್ಲ, ಹೇಳಿಯೇಬಿಟ್ಟೆ ಎಂಬಂತೆ ಬರೆದರು: 'ಇಂದು ನಾನು ತಲೆಯೆತ್ತಿ ಹೇಳಿದೆ, ಸ್ವಾಮೀ, ನಾನೂ ಮನುಷ್ಯ.' ಬ್ಲಾಗಿಗೆ 'ಎದ್ದು ನಿಲ್ಲು' ಎಂದು ಹೆಸರಿಟ್ಟರು. ತಮಗೆ 'ಗುಡುಗು' ಎಂದು ಹೆಸರಿಟ್ಟುಕೊಂಡರು. ಮರುದಿನ ನೋಡಿದರೆ ಕಟಿಂಗ್ ಶಾಪಿನವನೊಬ್ಬ ಬರೆದಿದ್ದ: 'ಅಣ್ಣಾ, ಕಣ್ಣಲ್ಲಿ ನೀರು ಬಂತು.'

ಓದುವವರು ಬೆಳೆದರು. ಬರಹ ಅಂಥ ಅಮೋಘವೇನಲ್ಲ. ಆದರೆ ಆಯ್ತಪ್ಪನವರಿಗೆ ಕೌಂಟರಿನ ಅಭ್ಯಾಸ. ಯಾರು ಏನು ಬರೆದುಕೊಂಡರೂ ಅದು ಅವರ ಪಾಲಿಗೆ ದಾಖಲಾದ ದೂರು. ಮೊದಲು ಸಮಾಧಾನ, ಆಮೇಲೆ ಸಲಹೆ, ಕೆಲವು ದಿನ ಬಿಟ್ಟು 'ಈಗ ಹೇಗಿದೆ, ಸರಿಹೋಯಿತೇ?' ಎಂಬ ವಿಚಾರಣೆ. ಬುದ್ಧಿ ಹೇಳುವವರಿಗೆ ಈ ಲೋಕದಲ್ಲಿ ಬರವಿಲ್ಲ. ಹೇಳಿದ ಮೇಲೆ ಏನಾಯಿತೆಂದು ಕೇಳುವವರು ಎಲ್ಲಿದ್ದಾರೆ? ಕುರ್ಚಿಯಲ್ಲಿ ಕೂತು ಸಿಗರೇಟು ಸೇದುವ ಗಿರಾಕಿಗೆ ಕಟಿಂಗ್ ಶಾಪಿನವನು ಕೊನೆಗೂ ಬೇಡವೆಂದ. ರಾತ್ರಿಪಾಳಿಯಲ್ಲೇ ಮುದುಡಿಹೋಗಿದ್ದ ನರ್ಸಮ್ಮ ಒಬ್ಬರು ಮೇಟ್ರನ್ ಎದುರು ಬಾಯಿಬಿಡುವ ಹಂತಕ್ಕೆ ಬಂದರು. ಪೆಟ್ಟಿಗೆಗಳ ಹಿಂದೆ ಕೂತು ಇವನ್ನೆಲ್ಲ ಓದುವಾಗ ಆಯ್ತಪ್ಪನವರಿಗೆ ಎಷ್ಟು ಸಂತೋಷವಾಗುತ್ತಿತ್ತೆಂದರೆ, ತಾನು ಬರೆದದ್ದರಲ್ಲಿ ಒಂದನ್ನೂ ಮಾಡಿಲ್ಲ ಎಂಬುದೇ ಮರೆತುಹೋಗುತ್ತಿತ್ತು.

ಗ್ರಹಚಾರ ಸುತ್ತಿಕೊಂಡದ್ದು ಮನೆಯಲ್ಲಿ. ಡ್ರಿಲ್ ಮೇಡಂ ಗುಡುಗಿನ ಪರಮಭಕ್ತೆಯಾದರು.

"ಕೇಳಿಸ್ಕೊಳ್ರೀ," ಎಂದು ಊಟದ ಹೊತ್ತಿಗೆ ನೀರಿನ ಜಗ್ಗಿಗೆ ಮೊಬೈಲು ಒರಗಿಸಿಕೊಂಡು ಓದುತ್ತಿದ್ದರು. "'ಬಾಗಿದ ಬೆನ್ನಿನ ಮೇಲೆ ಎಲ್ಲರೂ ಮೂಟೆ ಹೇರುತ್ತಾರೆ. ನೆಟ್ಟಗೆ ನಿಂತು ನೋಡು, ಮೂಟೆ ತಾನೇ ಜಾರುತ್ತದೆ.' ಆಹಾ! ಗಂಡಸು ಅಂದ್ರೆ ಹೀಗಿರ್ಬೇಕು. ನೀವೂ ಇದೀರ."

"ಚೆನ್ನಾಗೇ ಬರ್ದಿದಾನೆ," ಎಂದರು ಆಯ್ತಪ್ಪನವರು, ತಟ್ಟೆ ನೋಡುತ್ತ.

"ಬರ್ದಿದಾನೆ ಗಿರ್ದಿದಾನೆ ಅನ್ಬೇಡಿ. ಬರ್ದಿದಾರೆ ಅನ್ನಿ. ಎಂಥ ದೊಡ್ಡ ಮನುಷ್ಯ!"

"ಅಲ್ಲ ಕಣೇ, ಮೂಟೆ ಜಾರಿ ಕಾಲ ಮೇಲೆ ಬಿದ್ರೆ?"

"ಇದೇ, ಇದೇ ನಿಮ್ಮ ಬುದ್ಧಿ. ಅವರನ್ನ ಕಟ್ಕೊಂಡೋಳು ಪುಣ್ಯ ಮಾಡಿದ್ಲು ಬಿಡಿ."

ಪುಣ್ಯ ಮಾಡಿದ ಆಕೆ ಉಪ್ಪು ತರಲು ಎದ್ದು ಹೋದರು. ಆಯ್ತಪ್ಪನವರಿಗೆ ಆ ಗುಡುಗು ಕೈಗೆ ಸಿಕ್ಕರೆ ನಾಲ್ಕು ಬಾರಿಸಬೇಕು ಅನ್ನಿಸಿತು. 'ಅದು ನಾನೇ ಕಣೇ' ಎಂದು ಬಾಯಿತುದಿಗೆ ಎಷ್ಟೋ ಸಲ ಬರುತ್ತಿತ್ತು. ಆದರೆ ಗುಡುಗು ಹರಿದ ಶರ್ಟನ್ನು ಅಂಗಡಿಯವನ ಮುಂದೆ ಒಗೆದು ಬಂದ ಪ್ರಸಂಗವನ್ನು ವೀರಾವೇಶದಿಂದ ಬರೆದಾಗಿತ್ತು. ಆ ಶರ್ಟು ಎಲ್ಲಿದೆಯೆಂದು ಹೆಂಡತಿಗೆ ಗೊತ್ತು. ಒಗೆದು ಮಡಚಿ ಇಡುವವಳು ಅವಳೇ. ನಿಜ ಹೇಳಿದರೆ ಗುಡುಗಿನ ಮೇಲಿದ್ದ ಗೌರವವೂ ಹೋಗುತ್ತಿತ್ತು, ಗಂಡನ ಮೇಲಿದ್ದ ಅಷ್ಟಿಷ್ಟೂ ಹೋಗುತ್ತಿತ್ತು.

ಈ ನಡುವೆ ಬುಧವಾರದ ಶಾಲಾ ಕ್ರೀಡಾಕೂಟ ಹತ್ತಿರ ಬಂತು. ಪ್ರತಿ ವರ್ಷ ಡ್ರಿಲ್ ಮೇಡಂ ಬಿಸಿಲಲ್ಲಿ ನಿಂತು ಇಡೀ ಶಾಲೆಯನ್ನು ಓಡಿಸುತ್ತಾರೆ. ಉಳಿದ ಟೀಚರುಗಳ ಗಂಡಂದಿರು ನೆರಳಲ್ಲಿ ಕೂತು ಚಪ್ಪಾಳೆ ತಟ್ಟುತ್ತಾರೆ. ಇವರ ಗಂಡ ಮಾತ್ರ ಒಮ್ಮೆಯೂ ಬಂದವರಲ್ಲ, ಏಕೆಂದರೆ ಒಮ್ಮೆಯೂ ರಜೆ ಕೇಳಿದವರಲ್ಲ. "ನಿಮ್ಮೋರು ಇದಾರೋ ಇಲ್ವೋ?" ಎಂದು ಯಾರೋ ತಮಾಷೆ ಮಾಡಿದ್ದು ಆಕೆಯ ಮನಸ್ಸಿಗೆ ನಾಟಿತ್ತು. ಆಕೆ ಅದನ್ನು ಗಟ್ಟಿಯಾಗಿ ಹೇಳಲಿಲ್ಲ. ಗಟ್ಟಿಯಾಗಿ ಹೇಳದಿದ್ದರಿಂದಲೇ ಆಯ್ತಪ್ಪನವರಿಗೆ ಕರುಳು ಚುರ್ರೆಂದಿತು. ಈ ಸಲ ಖಂಡಿತ ಬರುತ್ತೇನೆಂದು ಮಾತು ಕೊಟ್ಟರು. ಕೂಟದ ಹಿಂದಿನ ವಾರವೇ, ಸೋಮವಾರ ಬೆಳಿಗ್ಗೆ, ಬೆವರು ಒರೆಸಿಕೊಂಡು ಹೋಗಿ ರಜೆ ಕೇಳಿಯೂ ಕೇಳಿದರು. ಎಂದೂ ಯಾರ ಮೇಲೂ ದನಿ ಏರಿಸದ ಮ್ಯಾನೇಜರು ಕುರ್ಚಿಯಿಂದೆದ್ದು, ಕಣ್ಣಲ್ಲಿ ಕಣ್ಣಿಟ್ಟು, "ಆಗಲ್ಲ!" ಎಂದುಬಿಟ್ಟರು.

"ಆಯ್ತು ಸಾರ್," ಎಂದು ಇವರು ಹಿಂದಿರುಗಿದರು. ಅದನ್ನು ಮನೆಯಲ್ಲಿ ಹೇಳಲು ನಾಲಿಗೆ ಏಳಲಿಲ್ಲ.

ಅದೇ ವಾರ ಬ್ಲಾಗಿನಲ್ಲಿ ಡ್ರಿಲ್ ಮೇಡಮ್ಮಿನ ಆಹ್ವಾನ ಬಂತು: 'ಗುಡುಗು ಅವರೇ, ನಾವು ಓದುಗರೆಲ್ಲ ಒಂದು ಕಡೆ ಸೇರೋಣ. ಈ ಭಾನುವಾರ ನಮ್ಮ ಮನೆಯಲ್ಲಿ. ನೀವು ಬರಲೇಬೇಕು.' ಆಗ ಆಯ್ತಪ್ಪನವರು ಕೌಂಟರಿನಲ್ಲಿದ್ದರು. ಎಡಗೈಯಲ್ಲಿ ಯಾರದೋ ಸುಟ್ಟುಹೋದ ಹೀಟರು, ಎದುರಿಗೆ ಬೈಗುಳ. ಬಲಗೈ ಹೆಬ್ಬೆರಳು ತನ್ನಷ್ಟಕ್ಕೆ ತಾನೇ 'ಆಯ್ತು' ಎಂದು ಒತ್ತಿಬಿಟ್ಟಿತು. 'ಬೇಡ ಅನ್ನಲು ಕಲಿಯಿರಿ' ಎಂದು ಜಗತ್ತಿಗೆಲ್ಲ ಬೋಧಿಸಿದವರಿಗೆ ಒಂದು ಬೇಡ ಅನ್ನಲಾಗಲಿಲ್ಲ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ.

ಸಂಜೆ ಮನೆಯಲ್ಲಿ ಸಂಭ್ರಮವೋ ಸಂಭ್ರಮ. "ರೀ! ಗುಡುಗು ಬರ್ತಾರಂತೆ ಕಣ್ರೀ! ಆಯ್ತು ಅಂದಿದಾರೆ. ನೀವು ಹೇಳೋ ಆಯ್ತು ಅಲ್ಲ ಅದು. ಎಂಥ ಗತ್ತಿನ ಆಯ್ತು ಅಂತೀರಿ!"

ಭಾನುವಾರ ಹಜಾರ ತುಂಬಿತು. ಕಿಟಕಿಯ ಪಕ್ಕ, ಇದ್ದುದರಲ್ಲಿ ಕುಷನ್ ಚೆನ್ನಾಗಿರುವ ಕುರ್ಚಿಯನ್ನು ಗುಡುಗಿಗಾಗಿ ಖಾಲಿ ಬಿಟ್ಟಿದ್ದರು. ಆಯ್ತಪ್ಪನವರು ತಪ್ಪಿ ಅದರ ಕೈ ಮುಟ್ಟಿದ್ದಕ್ಕೆ, "ರೀ, ಅದು ಅವರದ್ದು!" ಎಂಬ ನಗಾರಿ ಕೇಳಿತು. ಗುಡುಗು ಅಡಿಗೆಮನೆಗೆ ಹೋಗಿ ಟೀಗೆ ನೀರಿಟ್ಟಿತು.

ಟ್ರೇ ಹಿಡಿದು ಬಂದರೆ, ಒಬ್ಬೊಬ್ಬರೂ ತಮ್ಮ ಕಥೆ ಹೇಳುತ್ತಿದ್ದರು. ಕಟಿಂಗ್ ಶಾಪಿನವನು ಲೋಟ ತೆಗೆದುಕೊಂಡು ಇವರನ್ನು ಕನಿಕರದಿಂದ ನೋಡಿದ. "ಯಜಮಾನ್ರು ತುಂಬ ಮೆತ್ತಗಿದಾರೆ ಅನ್ಸುತ್ತೆ. ನೀವೂ ಓದಿ ಸಾರ್ ಗುಡುಗು ಅಣ್ಣನ್ನ. ನಾನೂ ನಿಮ್ಮ ಹಾಗೇ ಇದ್ದೆ."

"ದಿನಾ ಓದಿ ಹೇಳ್ತೀನಪ್ಪ," ಎಂದರು ಡ್ರಿಲ್ ಮೇಡಂ. "ಕೋಣನ ಮುಂದೆ ಕಿನ್ನರಿ."

ಇವರು ಅಡಿಗೆಮನೆಯಲ್ಲಿದ್ದಾಗ ಬಂದು ಮೂಲೆಯಲ್ಲಿ ಕೂತಿದ್ದ ಇನ್ನೊಬ್ಬರು ಎದ್ದು ನಿಂತರು. ಅವರನ್ನು ನೋಡಿ ಆಯ್ತಪ್ಪನವರ ಟ್ರೇಯಲ್ಲಿದ್ದ ಲೋಟಗಳು ಗಲಗಲ ಎಂದವು. ಅಂಗಡಿಯ ಮ್ಯಾನೇಜರು!

"ಚಿಕ್ಕಂದಿನಿಂದ ನಾನು ಯಾರಿಗೂ ಇಲ್ಲ ಅಂದೋನಲ್ಲ," ಎಂದು ಮ್ಯಾನೇಜರು ಶುರುಮಾಡಿದರು. "ಗುಡುಗು ಅವರನ್ನ ಓದಿ, ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡ್ದೆ. ಈ ಸೋಮವಾರ, ಜೀವನದಲ್ಲೇ ಮೊದಲನೇ ಸಲ, ರಜೆ ಕೇಳೋಕೆ ಬಂದ ಒಬ್ಬರಿಗೆ ಆಗಲ್ಲ ಅಂದೆ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ತಟ್ಟಿದವರು ಡ್ರಿಲ್ ಮೇಡಂ. "ಭೇಷ್! ಯಾರಿಗೆ ಸಾರ್?"

ಆಗಷ್ಟೇ ಟ್ರೇ ಹಿಡಿದವರ ಮುಖ ನೋಡಿದ ಮ್ಯಾನೇಜರು ಕಕ್ಕಾಬಿಕ್ಕಿಯಾಗಿ, "ಇವರಿಗೇ," ಎಂದರು.

ಡ್ರಿಲ್ ಮೇಡಂ ಗಂಡನ ಕಡೆ ತಿರುಗಿದರು. ಮಾತಾಡದ ಡ್ರಿಲ್ ಮೇಡಮ್ಮನ್ನು ಆಯ್ತಪ್ಪನವರು ಮದುವೆಯಾದಾಗಿನಿಂದ ಕಂಡಿರಲಿಲ್ಲ. ಒಲೆಯ ಮೇಲೆ ಏನೋ ಉಕ್ಕಿತೆಂದು ಸುಳ್ಳು ಹೇಳಿ ಒಳಗೆ ಓಡಿದರು.

ಹೊತ್ತು ಹೋಯಿತು. ಗುಡುಗು ಬರಲಿಲ್ಲ. (ಎರಡನೇ ಸುತ್ತಿನ ಟೀ ಸೋಸುತ್ತಿರುವವರು ಬರುವುದಾದರೂ ಹೇಗೆ?) ಬಿಸ್ಕತ್ತು ಮುಗಿಯಿತು, ಮಾತೂ ಮುಗಿಯಿತು. ಬಾಗಿಲ ಕಡೆ ನೋಡಿ ನೋಡಿ ಎಲ್ಲರ ಕತ್ತು ನೋಯತೊಡಗಿತು.

"ಹೆದರಿಕೊಂಡ ಅಂತ ಕಾಣುತ್ತೆ," ಎಂದ ಕಟಿಂಗ್ ಶಾಪಿನವನು. ಅವನ ದನಿ ಬತ್ತಿತ್ತು. "ನಾಲ್ಕು ಜನರ ಮುಂದೆ ಬರೋಕಾಗದೋನು ನಮಗೆ ಧೈರ್ಯ ಹೇಳ್ತಿದ್ನಾ?"

"ಹಾಗಾದ್ರೆ ಅದೆಲ್ಲ ಸುಳ್ಳೇನೋ," ಎಂದರು ನರ್ಸಮ್ಮ, ಚೀಲ ಹೆಗಲಿಗೇರಿಸುತ್ತ. "ನಾಳೆ ಮೇಟ್ರನ್ ಹತ್ರ ಮಾತಾಡೋಣ ಅಂತಿದ್ದೆ. ಬೇಡ ಬಿಡಿ. ನಮ್ಮಂಥೋರಿಗಲ್ಲ ಅದು."

"ಸ್ವಲ್ಪ ಇರಿ... ಬರ್ತಾರೆ... ಆಯ್ತು ಅಂದಿದ್ರು," ಎಂದು ಡ್ರಿಲ್ ಮೇಡಂ ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಬೇಡಿಕೊಳ್ಳುತ್ತಿದ್ದರು. ಮೈದಾನದ ಆ ತುದಿಗೆ ಕೇಳುವ ಗಂಟಲು ಇವತ್ತು ಪಕ್ಕದವರಿಗೂ ಕೇಳುತ್ತಿರಲಿಲ್ಲ.

ಆಯ್ತಪ್ಪನವರಿಗೆ ಅದನ್ನು ನೋಡಲಾಗಲಿಲ್ಲ. ಟ್ರೇಯನ್ನು ನೆಲಕ್ಕಿಟ್ಟರು. ನೇರ ಹೋಗಿ ಆ ಕುರ್ಚಿಯ ಮೇಲೆ ಕೂತೇಬಿಟ್ಟರು.

"ಯಾರೂ ಹೋಗ್ಬೇಡಿ," ಎಂದರು. "ಗುಡುಗು ಬಂದಾಗಿದೆ. ನಾನೇ ಗುಡುಗು."

ಹೊರಟವರೆಲ್ಲ ಬಾಗಿಲಲ್ಲೇ ತಿರುಗಿ ನೋಡಿದರು.

"ನಾನು ಪುಕ್ಕಲ. ಬರೆದದ್ದರಲ್ಲಿ ಒಂದನ್ನೂ ಮಾಡಿದೋನಲ್ಲ. ಆದ್ರೆ ನೀವೆಲ್ಲ ಮಾಡಿದ್ರಿ. ನಿಮ್ಮ ಧೈರ್ಯ ಸುಳ್ಳಲ್ಲ. ನರ್ಸಮ್ಮಾ, ನಾಳೆ ನೀವು ಮಾತಾಡ್ಲೇಬೇಕು."

ಕಟಿಂಗ್ ಶಾಪಿನವನು ಮೊದಲು ಕಣ್ಣೊರೆಸಿಕೊಂಡ. "ನೋಡಿದ್ರಾ? ಹೆಂಡ್ತಿ ಮರ್ಯಾದೆ ಹೋಗ್ಬಾರದು ಅಂತ ಎಂಥಾ ಸುಳ್ಳು ಹೇಳಿದ್ರು ಈ ಪುಣ್ಯಾತ್ಮ!"

"ಸುಳ್ಳಲ್ಲಪ್ಪಾ, ನಿಜವಾಗ್ಲೂ ನಾನೇ!"

"ಅಬ್ಬಾ! ಹಿಡಿದ ಮಾತು ಬಿಡ್ತಾನೇ ಇಲ್ಲ!" ಎಂದರು ನರ್ಸಮ್ಮ, ಚೀಲ ಕೆಳಗಿಳಿಸುತ್ತ. "ಈಗ ತಾನೇ ಟೀ ಕೊಡೋಕೆ ಕೈ ನಡುಗ್ತಿತ್ತು. ಇವರಿಂದ ಇಷ್ಟಾಗೋದಾದ್ರೆ, ನಾನು ಮೇಟ್ರನ್ನಿಗೆ ಹೆದರೋದೇನು ಬಂತು?"

ಆಯ್ತಪ್ಪನವರು ಸಾಕ್ಷಿ ತೋರಿಸಲು ಮೊಬೈಲು ತೆಗೆದರು. ಡ್ರಿಲ್ ಮೇಡಂ ಅದನ್ನು ಮೆಲ್ಲಗೆ ಕಸಿದು ತಮ್ಮ ಸೊಂಟಕ್ಕೆ ಸಿಕ್ಕಿಸಿಕೊಂಡರು. "ಸಾಕು ರೀ, ಅತಿ ಮಾಡ್ಬೇಡಿ," ಎಂದು ಕಿವಿಯಲ್ಲಿ ಹೇಳಿದರು. ಕಣ್ಣು ಒದ್ದೆಯಾಗಿತ್ತು. ಇನ್ನು ಬ್ರಹ್ಮ ಬಂದು ಹೇಳಿದರೂ ಈ ಜನ ನಂಬುವುದಿಲ್ಲವೆಂದು ಆಯ್ತಪ್ಪನವರಿಗೆ ಖಾತ್ರಿಯಾಯಿತು. ಹೇಗೂ ಕೂತದ್ದಾಯಿತು, ಉಳಿದದ್ದೂ ಆಗಿಹೋಗಲಿ ಎಂದು ಮ್ಯಾನೇಜರ ಕಡೆ ತಿರುಗಿದರು.

"ಸಾರ್, ಬುಧವಾರ ನಾನು ಕೆಲಸಕ್ಕೆ ಬರಲ್ಲ."

ಮ್ಯಾನೇಜರು ತಡಬಡಿಸಿದರು. "ಆ... ಆಗಲ್ಲ ಅಂದಿದ್ನಲ್ಲ!"

"ಆಗಲ್ಲ ಅನ್ನೋದು ನಿಮ್ಮ ಧೈರ್ಯ ಸಾರ್. ಬರಲ್ಲ ಅನ್ನೋದು ನನ್ನದು."

ಜನ ಇಬ್ಬರಿಗೂ ಚಪ್ಪಾಳೆ ತಟ್ಟಿದರು. ಮ್ಯಾನೇಜರಿಗೆ ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ, "ಮತ್ತೆ ಕೌಂಟರಿಗೆ ಯಾರು?" ಎಂದರು.

"ನೀವೇ ಕೂತ್ಕೊಳ್ಳಿ ಸಾರ್. ಇಲ್ಲ ಅನ್ನೋ ಅಭ್ಯಾಸಕ್ಕೆ ಅದಕ್ಕಿಂತ ಒಳ್ಳೇ ಜಾಗ ಸಿಗಲ್ಲ."

ಮ್ಯಾನೇಜರು ಒಂದು ಗಳಿಗೆ ಯೋಚಿಸಿ, ಅದೂ ಹೌದೆನ್ನಿಸಿ, ತಲೆಯಾಡಿಸಿದರು. ಆಮೇಲೆ ಹಜಾರದಲ್ಲಿ ಮಾತಿಗೆ ಮಾತು ಹತ್ತಿತು. ಇಷ್ಟು ದಿನ ಅಕ್ಷರದಲ್ಲಷ್ಟೇ ಪರಿಚಯವಿದ್ದವರು ಅಕ್ಕ, ಅಣ್ಣ ಎಂದು ಕರೆದುಕೊಂಡರು. ಮುಂದಿನ ತಿಂಗಳೂ ಇಲ್ಲೇ ಸೇರುವುದು, ಗುಡುಗು ಬಂದರೆ ಬರಲಿ ಬಿಟ್ಟರೆ ಬಿಡಲಿ, ಈ ಯಜಮಾನರಂತೂ ಇರಬೇಕು ಎಂದು ತೀರ್ಮಾನವಾಯಿತು. ಮೂರನೇ ಸುತ್ತಿನ ಟೀಯನ್ನು ಮ್ಯಾನೇಜರೇ ತಂದು ಕೊಟ್ಟರು. ಆಯ್ತಪ್ಪನವರು ಕುರ್ಚಿ ಬಿಟ್ಟು ಏಳಲಿಲ್ಲ.

ಎಲ್ಲರೂ ಹೋದಮೇಲೆ ಗಂಡಹೆಂಡತಿ ಕೂಡಿ ಲೋಟ ತೊಳೆದರು. ಇವರು ತೊಳೆಯುವುದು, ಆಕೆ ಒರೆಸುವುದು.

"ಇನ್ಮೇಲೆ ಆ ಗುಡುಗನ್ನ ಓದಲ್ಲ ಕಣ್ರೀ," ಎಂದರು ಡ್ರಿಲ್ ಮೇಡಂ. "ಬರೀ ಬಾಯಿ. ಮಾಡಿ ತೋರಿಸಿದೋರು ನೀವು."

ಆಯ್ತಪ್ಪನವರಿಗೆ ಎದೆಯುಬ್ಬಿತು. ಬೆನ್ನಲ್ಲೇ ಏನೋ ಚುಚ್ಚಿದಂತೆಯೂ ಆಯಿತು. "ಪಾಪ, ಹಾಗನ್ಬೇಡ. ಚೆನ್ನಾಗಿ ಬರೀತಾನೆ. ಬರಲಾಗದೆ ಇರೋಕೆ ಅವನಿಗೇನು ತೊಂದರೆ ಇತ್ತೋ."

"ತೊಂದರೆ ಏನು ಮಣ್ಣು! ಹೇಡಿ." ಒರೆಸಿದ ಲೋಟವನ್ನು ಟಣ್ಣೆಂದು ಇಟ್ಟು ಆಕೆ ಗಂಡನನ್ನು ಹೆಮ್ಮೆಯಿಂದ ನೋಡಿದರು. "ಬುಧವಾರ ನೀವು ಬಂದು ಸುಮ್ನೆ ಕೂತ್ರೆ ಆಗಲ್ಲ. ಇಡೀ ಶಾಲೆ ಮುಂದೆ, ವೇದಿಕೆ ಮೇಲೆ, ಧೈರ್ಯದ ಬಗ್ಗೆ ಭಾಷಣ ಮಾಡ್ಬೇಕು. ಹೆಡ್‌ಮೇಡಮ್ಮಿಗೆ ಆಗ್ಲೇ ಫೋನ್ ಮಾಡಿ ಹೇಳ್ಬಿಟ್ಟಿದೀನಿ."

ಆಯ್ತಪ್ಪನವರ ಕೈಯಿಂದ ಲೋಟ ಜಾರಿತು. "ಭಾಷಣವಾ? ನಾನಾ? ಏನೂ ತಯಾರಿ ಇಲ್ವಲ್ಲೇ. ಏನಂತ ಮಾತಾಡ್ಲಿ?"

"ಅದಕ್ಯಾಕೆ ಅಷ್ಟು ಯೋಚ್ನೆ? ಆ ಗುಡುಗು ಬರ್ದಿರೋದ್ರಲ್ಲೇ ಒಂದನ್ನ ಕದ್ದು ಓದ್ಬಿಡಿ. ಟೀಗೆ ಕರೆದ್ರೇ ಬರದೋನು, ಯಾಕೆ ಕದ್ರಿ ಅಂತ ಕೇಳೋಕೆ ಬರ್ತಾನಾ?"