ಎರಡು ತವರಿನ ನಡುವೆ ಒಂದು ಗೋಲು

ಕ್ಲಫ್ಟನ್ ಟೌನ್ ತಂಡದ ಆಟ ಇದ್ದಾಗ ಗೋಲ್ ಕಂಬದ ಹಿಂದೆ ನಿಲ್ಲುವ ಹತ್ತು ಹನ್ನೆರಡು ಜನರ ಬಗ್ಗೆ ಯಾರಾದರೂ ಬರೆಯಲೇಬೇಕು. ಯಾಕೆಂದರೆ ಗೆಲ್ಲುವವರ ಜೊತೆ ಯಾರು ಬೇಕಾದರೂ ನಿಲ್ಲುತ್ತಾರೆ. ಇವರು ಸೋಲುವವರ ಜೊತೆ ನಿಲ್ಲುತ್ತಾರೆ. ಅದೂ ಮಳೆಯಲ್ಲಿ. ಅದೂ ಟಿಕೆಟ್ ತಗೊಂಡು.

ಬರೆಯುವವರು ಯಾರೂ ನಮ್ಮೂರಿನ ಕಡೆ ಬರಲಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ನನ್ನ ಹೆಸರು ಕ್ಲಿಫ್ ಪಿಲ್ಲಿಂಗ್. ಬ್ರೆಡ್ ವ್ಯಾನ್ ಓಡಿಸುತ್ತೇನೆ. ಓದಿದ್ದು ಕಮ್ಮಿ, ಮಾತು ಅದಕ್ಕಿಂತ ಕಮ್ಮಿ. (ಮದುವೆಯ ದಿನ ಪಾದ್ರಿಗಳು ಕೇಳಿದ ಪ್ರಶ್ನೆಗೆ ನಾನು ತಲೆಯಾಡಿಸಿದೆ. ಬಾಯಿಬಿಟ್ಟು ಹೇಳಪ್ಪ ಎಂದು ಅವರು ಇನ್ನೊಂದು ಸಲ ಕೇಳಬೇಕಾಯಿತು.)

ನೀವು ಟಿ.ವಿ.ಯಲ್ಲಿ ನೋಡುವ ಇಂಗ್ಲೆಂಡಿನ ಫುಟ್‌ಬಾಲ್ ಇದೆಯಲ್ಲ, ಅದು ಒಂದು ದೊಡ್ಡ ಮನೆಯ ಮಹಡಿ. ಮಹಡಿ ಇಳಿದು, ಹಜಾರ ದಾಟಿ, ಅಡುಗೆಮನೆ ಹಿಂದಿನ ಬಾಗಿಲು ತೆರೆದರೆ ಬಚ್ಚಲ ಪಕ್ಕ ಒಂದು ಮೂಲೆ ಸಿಗುತ್ತದೆ. ನಮ್ಮ ಲೀಗ್ ಇರುವುದು ಅಲ್ಲಿ. ನಮ್ಮ ಗೋಲ್‌ಕೀಪರ್ ಕಾಲಂ ವಾರವೆಲ್ಲ ಗೋಡೆಗೆ ಗಾರೆ ಬಳಿಯುತ್ತಾನೆ. ಶನಿವಾರ ಅವನನ್ನು ಕೆಲಸದಿಂದ ಮೈದಾನಕ್ಕೆ ನನ್ನ ವ್ಯಾನಿನಲ್ಲೇ ಕರೆದುಕೊಂಡು ಬರುತ್ತೇನೆ. ಎಷ್ಟೋ ಸಲ ಅವನು ಕಿವಿಯಲ್ಲಿ ಗಾರೆ ಇಟ್ಟುಕೊಂಡೇ ಗೋಲಿನಲ್ಲಿ ನಿಂತಿದ್ದಾನೆ.

ನಮ್ಮವರ ದೊಡ್ಡತನ ನಿಮಗೆ ಹೇಗೆ ತಿಳಿಸಲಿ? ಹೋದ ನವೆಂಬರಿನಲ್ಲಿ ಎರಡು ಜಿಲ್ಲೆ ದಾಟಿ ಆಟಕ್ಕೆ ಹೋದೆವು. ಹೋಗಿ ಇಳಿದರೆ ಮೈದಾನದ ಮಧ್ಯೆ ಎರಡು ಬಾತುಕೋಳಿ ಈಜುತ್ತಿವೆ. ರೆಫರಿ ಆಟ ರದ್ದು ಮಾಡಿದ. ನಾನಾಗಿದ್ದರೆ ಗೊಣಗುತ್ತಿದ್ದೆ. ನಮ್ಮ ಗುಂಪಿನ ಹಿರಿಯ ಹೊರೇಸ್ (ಕಸಾಯಿ ಅಂಗಡಿ ಮಗನಿಗೆ ಬಿಟ್ಟುಕೊಟ್ಟು ಈಗ ಕ್ಲಬ್ಬಿಗೇ ಬಾಳು ಸವೆಸುತ್ತಿರುವ ಮಹಾನುಭಾವ) ಬೇಲಿಗೆ ಒರಗಿ ಬಾತುಕೋಳಿಗಳನ್ನೇ ಸ್ವಲ್ಪ ಹೊತ್ತು ನೋಡಿದರು. ಎಡಗಡೆಯದು ಮುಂದೆ ನಿಂತು ಗೋಲು ಹೊಡೆಯಬೇಕಾದ ನಮ್ಮ ಹುಡುಗರಿಗಿಂತ ಚುರುಕಾಗಿದೆ ಅಂದರು. ಎಲ್ಲರೂ ಅಲ್ಲೇ ಚಹಾ ಕುಡಿದು, ಆ ಊರಿನವರ ಜೊತೆ ನಕ್ಕು ಹರಟಿ, ಬಂದ ದಾರಿಯಲ್ಲೇ ವಾಪಸು ಬಂದೆವು. ಇಳಿಯುವಾಗ ಹೊರೇಸ್, ಇವತ್ತು ಚೆನ್ನಾಗಿತ್ತು ಕಣಯ್ಯ, ಸೋಲಲಿಲ್ಲ ನೋಡು ಅಂದರು. ನನಗೆ ಬಾಯಿಂದ ಮಾತೇ ಹೊರಡಲಿಲ್ಲ. (ಅದರಲ್ಲಿ ವಿಶೇಷ ಇಲ್ಲ. ಆದರೆ ಆವತ್ತು ನಿಜವಾಗಿ ಹೊರಡಲಿಲ್ಲ.)

ಇನ್ನು ಈ ಕಥೆಗೆ ಬೇಕಾದ ಒಂದು ಪದ್ಧತಿ ಹೇಳಿಬಿಡುತ್ತೇನೆ. ನಮ್ಮ ಮೈದಾನದ ಒಂದು ಗೋಲು ಸ್ಮಶಾನದ ಕಡೆ, ಇನ್ನೊಂದು ರೈಲುಹಳಿ ಕಡೆ. ನಮ್ಮ ಹುಡುಗರು ಯಾವ ಕಡೆ ಗೋಲು ಹೊಡೆಯಬೇಕೋ ನಾವು ಆ ಕಡೆ ಕಂಬದ ಹಿಂದೆ ನಿಲ್ಲುತ್ತೇವೆ. ಅರ್ಧ ಆಟ ಆದ ಮೇಲೆ ತಂಡಗಳು ದಿಕ್ಕು ಬದಲಾಯಿಸುತ್ತವೆ, ನಾವೂ ಹೊರಟು ಆ ತುದಿಗೆ ನಡೆಯುತ್ತೇವೆ. ಎದುರು ತಂಡದವರು ಆ ತುದಿಯಿಂದ ಈ ತುದಿಗೆ ಬರುತ್ತಾರೆ. ಮಧ್ಯದಲ್ಲಿ ಎನಿಡಮ್ಮನ ಚಹಾ ಗೂಡು. ಅಲ್ಲಿ ಎರಡೂ ಕಡೆಯವರು ಒಂದೇ ಸಾಲಿನಲ್ಲಿ ನಿಂತು ಹಿಟ್ಟಿನೊಳಗೆ ಮಾಂಸ ತುಂಬಿ ಬೇಯಿಸಿದ ಪೈ ತಿಂದು, ಮಂಡಿ ನೋವು ವಿಚಾರಿಸಿಕೊಂಡು, ಮತ್ತೆ ಶತ್ರುಗಳಾಗಿ ಬೇರೆ ಬೇರೆ ತುದಿಗೆ ಹೋಗುತ್ತಾರೆ. ಎನಿಡಮ್ಮ ಎಲ್ಲರನ್ನೂ 'ಚಿನ್ನ' ಅಂತಲೇ ಕರೆಯುವುದು. ರೆಫರಿಯನ್ನೂ.

ಈಗ ನನ್ನ ಸಂಸಾರಕ್ಕೆ ಬರೋಣ.

ನನ್ನ ಹೆಂಡತಿ ಗ್ಲೆನಿಸ್‌ಗೆ ಶನಿವಾರಗಳ ಮೇಲೆ ಬಹಳ ಹಳೆಯ ಕೋಪ. ಶನಿವಾರ ನೀನು ಮನೆಯಲ್ಲಿ ಇರಲ್ಲ, ಉಳಿದ ದಿನ ಇದ್ದೂ ಇರಲ್ಲ ಎನ್ನುತ್ತಿದ್ದಳು. ಜನವರಿಯಲ್ಲಿ ನನಗೊಂದು ಭಾರಿ ಉಪಾಯ ಹೊಳೆಯಿತು. ಇವಳನ್ನು ಒಂದೇ ಒಂದು ಸಲ ಆಟಕ್ಕೆ ಕರೆದುಕೊಂಡು ಹೋಗುವುದು. ಆಲಿಕಲ್ಲು ಬೀಳುವ ದಿನ ಆರಿಸುವುದು. ಅಷ್ಟಾದರೆ ಇನ್ನು ಜೀವಮಾನದಲ್ಲಿ ಶನಿವಾರದ ಸುದ್ದಿ ಎತ್ತುವುದಿಲ್ಲ.

ಆಲಿಕಲ್ಲು ಬಿತ್ತು. ಗ್ಲೆನಿಸ್ ಮಂಡಿ ನೋವಿಗೆಂದು ಮಡಿಚುವ ಕುರ್ಚಿ ತಂದಿದ್ದಳು. ಅದರಲ್ಲಿ ಕೂತದ್ದು ಆಟ ಶುರುವಾಗುವ ತನಕ ಮಾತ್ರ. ಆಮೇಲೆ ಎದ್ದಳು, ಬಾಯಿ ತೆರೆದಳು. ಇಷ್ಟು ವರ್ಷ ಮನೆಯಲ್ಲಿ ನಾನು ಕೇಳಿದ್ದು ಆ ಕಂಠದ ಸಣ್ಣ ಅವತಾರ. ವಿಶ್ವರೂಪ ದರ್ಶನ ಆದದ್ದು ಆ ದಿನ. ಹಳಿಯ ಮೇಲೆ ಹೋಗುತ್ತಿದ್ದ ಗೂಡ್ಸ್ ರೈಲು ನಿಧಾನ ಆದದ್ದು ಅದಕ್ಕೇ ಅಂತ ಹೊರೇಸ್ ಈಗಲೂ ವಾದಿಸುತ್ತಾರೆ. ನಮ್ಮ ಹುಡುಗರು ತಿರುಗಿ ತಿರುಗಿ ನೋಡಿದರು. ಹೆದರಿಕೆಗೋ ಹುರುಪಿಗೋ ಓಡಿದರು. ಆವತ್ತು ಗೆದ್ದೆವು.

ಅಲ್ಲಿಗೆ ನನ್ನ ಉಪಾಯದ ಕಥೆ ಮುಗಿಯಿತು. ಗ್ಲೆನಿಸ್ ಒಂದು ಆಟವನ್ನೂ ಬಿಡಲಿಲ್ಲ. ಅದುವರೆಗೆ ನಮ್ಮ ತಂಡದ್ದು ಗೋಲು ಕಮ್ಮಿ, ಗೋಳು ಜಾಸ್ತಿ. ಇವಳು ಬಂದ ಮೇಲೆ ಒಂದು ಗೆದ್ದು, ಎರಡು ಸಮ ಮಾಡಿಕೊಂಡು, ಕುಂಟುತ್ತಾ ಮೇಲೆ ಬಂದೆವು. ಗೋಲಿನ ಹಿಂದೆ ನಡುವಿನ ಜಾಗ ಅವಳದಾಯಿತು. ನಾನು ಕುರ್ಚಿ ಹೊರುವವನಾದೆ. ಅರ್ಧ ಆಟಕ್ಕೆ ಅವಳು ಮುಂದೆ, ಕುರ್ಚಿ ಫ್ಲಾಸ್ಕ್ ಹಿಡಿದು ನಾನು ಹಿಂದೆ, ಈ ತುದಿಯಿಂದ ಆ ತುದಿಗೆ. ನಿಜ ಹೇಳಲೇ? ಆಟ ನೋಡುವುದು ಬಿಟ್ಟು ಅವಳನ್ನೇ ನೋಡುತ್ತಾ ನಿಂತದ್ದುಂಟು. ಇಂಥವಳು ನನ್ನ ಮನೆಯಲ್ಲಿ ಇಷ್ಟು ವರ್ಷ ಆಲೂಗಡ್ಡೆ ಸುಲಿದುಕೊಂಡು ಇದ್ದಳಲ್ಲ ಅನ್ನಿಸುತ್ತಿತ್ತು.

ಏಪ್ರಿಲ್ ಬಂತು. ಕೊನೆಯ ಆಟ ಒಂದು ಬಾಕಿ. ಕೊನೆಯ ಸ್ಥಾನದಿಂದ ತಪ್ಪಿಸಿಕೊಳ್ಳಲು ಎರಡು ತಂಡ ಒದ್ದಾಡುತ್ತಿದ್ದವು, ನಾವು ಮತ್ತು ಹೆಸ್ಲೋ. ಆ ಕೊನೆಯ ಆಟ ಇದ್ದದ್ದೂ ನಮ್ಮಿಬ್ಬರ ನಡುವೆಯೇ, ನಮ್ಮ ಮೈದಾನದಲ್ಲೇ. ಸಮ ಆದರೆ ಸಾಕು, ನಾವು ಉಳಿಯುತ್ತೇವೆ. ಸೋತರೆ ಕೆಳಗಿನ ಲೀಗಿಗೆ ಇಳಿಯುತ್ತೇವೆ, ಅವರು ಉಳಿಯುತ್ತಾರೆ.

ಪತ್ರಿಕೆಯವರು ಸ್ವಂತ ಮೈದಾನಕ್ಕೆ 'ತವರು' ಅಂತ ಬರೆಯುತ್ತಾರೆ. ಕ್ಲಫ್ಟನ್‌ಗೆ ತವರಿನಲ್ಲಿ ಕೊನೆಯ ಅವಕಾಶ ಅಂತ ದಪ್ಪ ಅಕ್ಷರದಲ್ಲಿ ಬಂದಿತ್ತು. ಅದನ್ನು ಓದುತ್ತಾ ಅಡುಗೆಮನೆಗೆ ಬಂದರೆ, ಗೋಡೆಯ ಹೀಟರಿನ ಮೇಲೆ ಕ್ಲಬ್ಬಿನ ಬಣ್ಣದ ನನ್ನ ಹಸಿರು ಮಫ್ಲರ್ ಪಕ್ಕದಲ್ಲಿ ಒಂದು ಕೆಂಪು ಮಫ್ಲರ್ ಒಣಗುತ್ತಿತ್ತು. ಎರಡೂ ಒಂದಕ್ಕೊಂದು ತಾಗದ ಹಾಗೆ ಹರವಿದ್ದಳು.

"ಇದು ಯಾರದು?" ಅಂದೆ.

"ನಮ್ಮಪ್ಪಂದು. ನಾನು ಹೆಸ್ಲೋದವಳು ಅಂತ ಮರೆತು ಹೋಯ್ತಾ ನಿನಗೆ?"

ಮರೆತೇ ಹೋಗಿತ್ತು. ಬೆಟ್ಟದ ಆಚೆ ಬದಿಯ ಊರು ಅದು. ಮದುವೆಗೆ ಮೊದಲು ಬಸ್ಸು ಹತ್ತಿ ನೋಡಲು ಹೋಗುತ್ತಿದ್ದೆ. ಮದುವೆಯಾದ ಮೇಲೆ ಊರನ್ನು ನೆನಪಿಟ್ಟುಕೊಳ್ಳುವ ಅಗತ್ಯ ಬೀಳಲಿಲ್ಲ.

"ಜನವರಿಯಿಂದ ನಮ್ಮ ಜೊತೆ ನಿಂತೆಯಲ್ಲ," ಅಂದೆ.

"ನಿನ್ನ ಜೊತೆ ನಿಂತೆ, ಮಾರಾಯ. ನಿಮ್ಮ ಜೊತೆ ಅಲ್ಲ. ಪೇಪರಿನವನೇ ಬರೆದಿದಾನೆ ನೋಡು, ತವರು ಅಂತ. ನಿಮಗೆ ಮೈದಾನ ತವರಾದ್ರೆ ನನಗೆ ಹೆಸ್ಲೋನೇ ತವರು. ಅದು ಮುಳುಗೋವಾಗ ನಾನು ಹಸಿರು ಸುತ್ಕೊಂಡು ನಿಂತ್ಕೊಳ್ಲಾ?"

ಆ ವಾರವೆಲ್ಲ ಮನೆಯಲ್ಲಿ ಇಬ್ಬರೂ ಮಾತಾಡಲಿಲ್ಲ. ನನಗೆ ಅಭ್ಯಾಸ ಇತ್ತು. ಅವಳಿಗೆ ಇರಲಿಲ್ಲ, ಹಾಗಾಗಿ ಪಾತ್ರೆಗಳ ಕೈಲಿ ಮಾತಾಡಿಸಿದಳು. ಹೊರೇಸ್ ಮಾತ್ರ ಸುದ್ದಿ ಕೇಳಿ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹುಟ್ಟಿದೂರನ್ನು ಬಿಟ್ಟುಕೊಡುವ ಹೆಂಗಸು ಆಗಿದ್ದರೆ ನಮ್ಮ ಗೋಲಿನ ಹಿಂದೆ ಅವಳಿಗೆ ಜಾಗವೇ ಕೊಡುತ್ತಿರಲಿಲ್ಲ ಅಂದರು. ನೋಡಿ, ಇಂಥ ಜನ.

ಶನಿವಾರ ಬಿಸಿಲು ಬಂತು. ಮೊದಲ ಅರ್ಧದಲ್ಲಿ ನಾವು ಸ್ಮಶಾನದ ಕಡೆ ನಿಂತೆವು. ಹೆಸ್ಲೋದವರು ಹಳಿ ಕಡೆ. ಅಷ್ಟು ದೂರದಿಂದಲೂ ಗ್ಲೆನಿಸ್ ಒಬ್ಬಳದೇ ದನಿ ಬೇರೆಯಾಗಿ ಕೇಳುತ್ತಿತ್ತು. ನಮ್ಮ ಹುಡುಗರು ಪಾಪ, ಅಭ್ಯಾಸಬಲದಿಂದ ಆ ದನಿಗೇ ಓಡುತ್ತಿದ್ದರು, ಅಂದರೆ ಹಿಂದಕ್ಕೆ. ಹೇಗೋ ಯಾರಿಗೂ ಗೋಲು ಬೀಳಲಿಲ್ಲ.

ಅರ್ಧ ಆಟಕ್ಕೆ ನಮ್ಮವರು ಹೊರಟರು, ಅವರು ಬಂದರು. ಚಹಾ ಗೂಡಿನ ಮುಂದೆ ನಾನೂ ಗ್ಲೆನಿಸ್ಸೂ ಎದುರಾದೆವು. ಮಂಡಿ ಹಿಡಿದುಕೊಂಡು ಕುಂಟುತ್ತಾ ಬಂದಳು, ಕುರ್ಚಿ ಅವಳೇ ಹೊತ್ತಿದ್ದಳು. ಎನಿಡಮ್ಮ ಇಬ್ಬರ ಮುಖ ನೋಡಿ ಒಂದೇ ಪೈ ಕೊಟ್ಟು, ಹಂಚಿಕೊಳ್ಳಿ ಚಿನ್ನಗಳಾ ಅಂದರು. ಹಂಚಿಕೊಂಡೆವು. ಗಟ್ಟಿ ತುದಿ ನನಗೆ, ಮಾಂಸ ಅವಳಿಗೆ, ಯಾವಾಗಿನ ಹಾಗೆ. ಆಮೇಲೆ ನಾನು ಯಾವಾಗಿನ ಹಾಗೇ ಕುರ್ಚಿ ತೆಗೆದುಕೊಂಡೆ, ಫ್ಲಾಸ್ಕ್ ತೆಗೆದುಕೊಂಡೆ, ಅವಳ ಹಿಂದೆ ನಡೆದೆ.

ಕುರ್ಚಿ ಬಿಡಿಸಿ ಹಾಕಿ ತಲೆಯೆತ್ತಿದಾಗ ಗೊತ್ತಾಯಿತು. ನಾನು ಮತ್ತೆ ಸ್ಮಶಾನದ ಕಡೆಯೇ ಇದ್ದೆ. ಸುತ್ತ ಎಲ್ಲರೂ ಕೆಂಪು. ನಮ್ಮವರೆಲ್ಲ ಆ ತುದಿಯಲ್ಲಿ. ನಮ್ಮ ಕಾಲಂ ಮಾತ್ರ ಈ ತುದಿಯಲ್ಲಿ, ಗೋಲಿನಲ್ಲಿ, ನನಗೆ ಬೆನ್ನು ಹಾಕಿಕೊಂಡು.

ಓಡಿಹೋಗಬಹುದಿತ್ತು. ಆದರೆ ರೆಫರಿ ಸೀಟಿ ಊದಿಬಿಟ್ಟ. ಆಟ ನಡೆಯುವಾಗ ಬೆನ್ನು ತಿರುಗಿಸಿ ನಡೆಯುವವನನ್ನು ನಮ್ಮಲ್ಲಿ ಮನುಷ್ಯರ ಲೆಕ್ಕಕ್ಕೆ ಸೇರಿಸುವುದಿಲ್ಲ. ಚೆಂಡು ಹೊರಹೋದಾಗ ಹೋಗೋಣ ಅಂದುಕೊಂಡೆ. ಚೆಂಡು ಹೊರಗೆ ಹೋದರೆ ತಾನೆ? ಹೆಸ್ಲೋ ಹುಡುಗರು ನುಗ್ಗಿ ನುಗ್ಗಿ ಬಂದರು, ಕಾಲಂ ಬಿದ್ದು ಎದ್ದು ತಡೆದ. ಕೆಂಪಿನವರ ನಡುವೆ ನಾನೊಬ್ಬ ಹಸಿರು, ತುಟಿ ಕಚ್ಚಿಕೊಂಡು ನಿಂತೆ. ಆಟ ಮುಗಿಯುತ್ತಾ ಬಂತು. ಇನ್ನೂ ಸಮ. ಇನ್ನು ಸ್ವಲ್ಪ ಹೊತ್ತು ಹೀಗೇ ಕಳೆದರೆ ಉಳಿದೆವು.

ಅಷ್ಟರಲ್ಲಿ ಗಾಳಿ ಎದ್ದಿತು. ಹಿಂದೆ ನಿಂತ ಒಬ್ಬ ಕೆಂಪಿನವನು ನನ್ನ ಮಫ್ಲರ್ ನೋಡಿ ಏನೋ ಅಂದ. ಗ್ಲೆನಿಸ್‌ಗೆ ನನ್ನ ಮೇಲೆ ಕನಿಕರ ಬಂದಿರಬೇಕು. ಎದ್ದು ಬಂದು ತನ್ನಪ್ಪನ ಮಫ್ಲರ್ ನನ್ನ ಹೆಗಲಿಗೆ ಹಾಕಿ, ನನ್ನದನ್ನು ಬಿಚ್ಚತೊಡಗಿದಳು.

ಚಳಿಗೆ ಬೇಕಾದರೆ ಸಾಯುತ್ತೇನೆ. ಕ್ಲಫ್ಟನ್‌ನ ಹಸಿರನ್ನು ಆ ಹೊತ್ತಿನಲ್ಲಿ ಬಿಚ್ಚಿಸಿಕೊಳ್ಳುವುದೆ? ಎರಡೂ ಕೈಯಲ್ಲಿ ಮಫ್ಲರ್ ಹಿಡಿದುಕೊಂಡು, ಮದುವೆಯಾದಾಗಿನಿಂದ ಒಟ್ಟು ಮಾಡಿಟ್ಟಿದ್ದ ದನಿಯನ್ನೆಲ್ಲ ಒಂದೇ ಸಲ ಹೊರಗೆ ಬಿಟ್ಟೆ.

"ಬಿಡು!"

ಅದೇ ಗಳಿಗೆಯಲ್ಲಿ ಬಲಗಡೆಯಿಂದ ಎತ್ತರಕ್ಕೆ ಒಂದು ಚೆಂಡು ಬರುತ್ತಿತ್ತು. ಕಾಲಂನ ಕಣ್ಣಿಗೆ ಸಂಜೆ ಬಿಸಿಲು ಹೊಡೆಯುತ್ತಿತ್ತು. ಚೆಂಡು ಒಳಗೋ ಹೊರಗೋ ಅವನಿಗೆ ಕಾಣಿಸುತ್ತಿರಲಿಲ್ಲ. ಹಾರಲು ಕಾಲು ಮಡಿಚಿದ್ದವನು ನನ್ನ ದನಿ ಕೇಳಿ ಎರಡೂ ಕೈ ಕೆಳಗಿಳಿಸಿದ. ಚೆಂಡು ಮೆಲ್ಲಗೆ ಬಾಗಿ, ಕಂಬದ ಒಳಬದಿ ಸವರಿ, ಬಲೆಯೊಳಗೆ ಹೋಗಿ ನನ್ನ ಮುಂದೆ ನಿಂತಿತು.

ಕೆಂಪಿನವರು ಕುಣಿದರು. ಕಾಲಂ ತಿರುಗಿ ನನ್ನನ್ನು ನೋಡಿದ.

"ನೀನೇ ಬಿಡು ಅಂದೆಯಲ್ಲ, ಕ್ಲಿಫ್."

"ನಿನಗಲ್ಲ," ಅಂದೆ.

"ನೀನು ಬಾಯಿ ಬಿಡೋನೇ ಅಲ್ಲ. ಬಿಟ್ಟೆ ಅಂದ್ರೆ ಏನೋ ಕಂಡಿರಬೇಕು ಅಂದ್ಕೊಂಡೆ. ಮತ್ತೆ ಯಾರಿಗೆ ಅಂದಿದ್ದು?"

ಗ್ಲೆನಿಸ್ ಮುಂದೆ ಬಂದಳು. ನನ್ನ ಮಫ್ಲರಿನ ಒಂದು ತುದಿ ಇನ್ನೂ ಅವಳ ಕೈಯಲ್ಲೇ ಇತ್ತು.

"ನನಗೆ ಅಂದಿದ್ದು ಕಣಪ್ಪ," ಅಂದಳು. "ನಾನು ಬಿಡಲಿಲ್ಲ. ನೀನು ಬಿಟ್ಟೆ."

ಅಲ್ಲಿಗೆ ಆಟ ಮುಗಿಯಿತು, ಲೀಗೂ ಮುಗಿಯಿತು. ಕ್ಲಫ್ಟನ್ ಟೌನ್ ಕೆಳಗಿಳಿಯಿತು. ನಮ್ಮವರು ಆ ತುದಿಯಿಂದ ಸಾಲಾಗಿ ನಡೆದು ಬರುವುದು ಕಾಣಿಸಿತು. ಪಕ್ಕದಲ್ಲಿ ಸ್ಮಶಾನ ಹೇಗೂ ಇತ್ತು, ಗೋಡೆ ಹಾರಿ ಆ ಕಡೆ ಮಲಗಿಬಿಡೋಣ ಅನ್ನಿಸಿತು. ಯಾರಾದರೂ ಒಬ್ಬರು ಬೈದಿದ್ದರೂ ಎದೆ ಹಗುರಾಗುತ್ತಿತ್ತು. ಬೈಯಲಿಲ್ಲ. ಹೊರೇಸ್ ಕಾಲಂನ ಬೆನ್ನು ತಟ್ಟಿದರು, ಹೆಸ್ಲೋದವರ ಕೈ ಕುಲುಕಿದರು, ನನ್ನ ಪಕ್ಕ ಬಂದು ನಿಂತು ಖಾಲಿ ಮೈದಾನ ನೋಡಿದರು. ಕಣ್ಣು ಒದ್ದೆಯಾಗಿತ್ತು. ಕೆಳಗಿನ ಲೀಗಿನಲ್ಲಿ ಯಾವ ಯಾವ ಊರು ಬರುತ್ತದೆ ಅಂತ ಕೇಳಿದರು. ಒಬ್ಬರು ಒಂದು ಊರು ಹೇಳಿದರು, ಅಲ್ಲಿಯ ಪೈ ಚೆನ್ನಾಗಿರುತ್ತದಂತೆ. ಇನ್ನೊಬ್ಬರು ಇನ್ನೊಂದು ಹೇಳಿದರು, ಅಲ್ಲಿ ನಿಲ್ಲುವ ಜಾಗಕ್ಕೆ ಚಾವಣಿ ಉಂಟಂತೆ. ಸೂರ್ಯ ಮುಳುಗುವ ಹೊತ್ತಿಗೆ ಎಲ್ಲರಿಗೂ ಹೊಸ ಲೀಗ್ ಶುರುವಾಗುವ ಆಗಸ್ಟ್ ಯಾವಾಗ ಬರುತ್ತದೋ ಅನ್ನಿಸಿಬಿಟ್ಟಿತ್ತು. ನಾನು ಎಷ್ಟೋ ಚರ್ಚುಗಳಲ್ಲಿ ಕೂತಿದ್ದೇನೆ. ಅಂಥ ನಂಬಿಕೆ ಬೇರೆಲ್ಲೂ ನೋಡಿಲ್ಲ.

ಆಗಸ್ಟ್ ಬಂತು. ಒಬ್ಬರೂ ತಪ್ಪದೆ ಬಂದರು. ಗ್ಲೆನಿಸ್ ಹಸಿರು ಸುತ್ತಿಕೊಂಡೇ ಬಂದಳು. ತವರು ಉಳಿಯಿತಲ್ಲ, ಇನ್ನು ಗಂಡನ ಮನೆ ನೋಡಬೇಕು ಅಂದಳು. ಕ್ಲಬ್ಬಿನವರು ಸಭೆ ಸೇರಿ ಅವಳನ್ನು ಆಜೀವ ಸದಸ್ಯೆ ಮಾಡಿದರು. ಅದೇ ಸಭೆಯಲ್ಲಿ ನನ್ನ ವಿಷಯವೂ ಬಂತಂತೆ. ತೀರ್ಪು ತಂದವರು ಎನಿಡಮ್ಮ. ಆಟ ಶುರುವಾಗುವ ಮೊದಲು ನನ್ನ ಕೈಗೆ ಒಂದು ದೊಡ್ಡ ಪೈ ಇಟ್ಟು ಹೇಳಿದರು:

"ಆಟ ನಡೆಯೋವಾಗ ನೀನು ಬಾಯಿ ತೆರೆಯೋದು ಇದಕ್ಕೆ ಮಾತ್ರ, ಚಿನ್ನ. ಮುಗಿದ್ರೆ ಬಾ, ಇನ್ನೊಂದು ಕೊಡ್ತೀನಿ."

ಈಗ ಪ್ರತಿ ಶನಿವಾರ ಹಾಗೇ ನಡೆಯುತ್ತಿದೆ. ತಂಡ ಅಲ್ಲೂ ಸೋಲುತ್ತಿದೆ, ನನ್ನ ಹೊಟ್ಟೆ ಮಾತ್ರ ಮೇಲಿನ ಲೀಗಿಗೆ ಏರಿದೆ.

ಒಂದು ಕೇಳಿಕೊಳ್ಳುತ್ತೇನೆ. ಯಾವುದಾದರೂ ಶನಿವಾರ ಮಧ್ಯಾಹ್ನ ಬಿಡುವಾದರೆ ಹೋಗಿ ಇವರನ್ನು ನೋಡಿ. ಹೊರೇಸ್ ಪಕ್ಕ ನಿಂತುಕೊಳ್ಳಿ, ಜಾಗ ಬಿಡುತ್ತಾರೆ. ಎನಿಡಮ್ಮ ನಿಮ್ಮನ್ನೂ ಚಿನ್ನ ಅನ್ನುತ್ತಾರೆ. ಗ್ಲೆನಿಸ್‌ಳನ್ನು ಹುಡುಕಬೇಕಾಗಿಲ್ಲ, ಬಸ್ಸು ಇಳಿದ ಕೂಡಲೇ ಕೇಳಿಸುತ್ತಾಳೆ. ಅವಳ ಪಕ್ಕ ಬಾಯಿ ತುಂಬ ಪೈ ಇಟ್ಟುಕೊಂಡು ಕುರ್ಚಿ ಹಿಡಿದು ನಿಂತವನೊಬ್ಬ ನೀವು ಮಾತಾಡಿಸಿದರೂ ಉತ್ತರ ಕೊಡದಿದ್ದರೆ, ದಯವಿಟ್ಟು ತಪ್ಪು ತಿಳಿಯಬೇಡಿ.