ತಂತಿಯಿಲ್ಲದ ನಂಟು

ಬಾರ್‌ಕೋಡ್ ಪ್ರಿಂಟರ್ ಕೊಳ್ಳುವಾಗ ಅಂಗಡಿಯವನು ಕೇಳಿದ್ದು ಒಂದೇ ಪ್ರಶ್ನೆ: "ಸಂಪರ್ಕ ಯಾವುದು ಬೇಕು? ಯುಎಸ್‌ಬಿ ತಂತಿಯೋ, ನೆಟ್‌ವರ್ಕ್ ತಂತಿಯೋ, ಬ್ಲೂಟೂತೋ?" ನಾನು ಎದೆಯುಬ್ಬಿಸಿ, "ಎಲ್ಲವೂ ಇರಲಿ" ಎಂದೆ. ಅತ್ತೆ ಬಂದರೆ ಏನು ಮಾಡುವುದೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಗಬೇಡಿ. ಉಗಾಂಡದ ನಮ್ಮ ಬುಗಾಂಡಾ ಸೀಮೆಯಲ್ಲಿ ಅಳಿಯನಾದವನು ಹೆಂಡತಿಯ ತಾಯಿಯನ್ನು ಮುಟ್ಟುವಂತಿಲ್ಲ, ಆಕೆಯಿದ್ದ ಕೋಣೆಗೆ ಕಾಲಿಡುವಂತಿಲ್ಲ. ಇಟ್ಟರೆ 'ಒಬುಕೊ' ಹಿಡಿಯುತ್ತದೆ: ಸಾಯುವತನಕ ಕೈ ನಡುಕ. ನನ್ನ ಚಿಕ್ಕಪ್ಪ, ಜಾರಿಬೀಳುತ್ತಿದ್ದ ತಮ್ಮ ಅತ್ತೆಯ ಮೊಣಕೈ ಹಿಡಿದರು. ಅಂದಿನಿಂದ ಅವರು ಚಹಾ ಕುಡಿಯುವುದಿಲ್ಲ, ಚೆಲ್ಲುತ್ತಾರೆ. (ಅದಕ್ಕೆ ಮೊದಲೂ ಅವರು ಬಾಳೆಹಣ್ಣಿನ ಹೆಂಡವನ್ನು ಧಾರಾಳವಾಗಿಯೇ ಸೇವಿಸುತ್ತಿದ್ದರೆಂಬುದು ನನ್ನ ಹೆಂಡತಿಯ ವಾದ.)

ಮುಕೊನೊದ ನಮ್ಮ ಹಿತ್ತಲಲ್ಲಿ ನಾನೂ ಹೆಂಡತಿ ನಕಿಮೇರಾಳೂ ಕಡಲೆಬೀಜ, ಎಳ್ಳು ಅರೆದು 'ಓಡಿ' ಮಾಡುತ್ತೇವೆ. (ಹೆಸರು ಕೇಳಿ ಓಡಬೇಡಿ, ರುಚಿಯಾಗಿರುತ್ತದೆ.) ಅಂದು ಸೂಪರ್‌ಮಾರ್ಕೆಟ್ಟಿನ ಮೊದಲ ಆರ್ಡರು: ಇನ್ನೂರು ಡಬ್ಬಿ. ಹತ್ತು ಗಂಟೆಗೆ ವ್ಯಾನು. ಬಾರ್‌ಕೋಡ್ ಚೀಟಿ ಇಲ್ಲದಿದ್ದರೆ ಡಬ್ಬಿಯೂ ಬೇಡ, ನಾವೂ ಬೇಡ, ನಮ್ಮ ಜಾಗ ಬೇರೆಯವರಿಗೆ.

ಎಂಟೂವರೆಗೆ ಹೇಳದೆ ಕೇಳದೆ ಅತ್ತೆಯವರು ಬಾಳೆಗೊನೆ ಸಮೇತ ದಯಮಾಡಿಸಿದರು. ದನಿ ಕೇಳಿದ್ದೇ ತಡ, ನಾನು ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು ಮಲಗುವ ಕೋಣೆಗೆ ನುಗ್ಗಿ ಬಾಗಿಲು ಹಾಕಿಕೊಂಡೆ. ಆ ಕೋಣೆಗಿರುವ ಒಂದೇ ಬಾಗಿಲು ತೆರೆಯುವುದು ನಡುಮನೆಗೆ. ನಡುಮನೆಯಲ್ಲಿ ಅತ್ತೆಯವರು ಚಾಪೆ ಹಾಸಿ, ಪ್ರಿಂಟರಿನ ಮೇಲೆ ಮೊಣಕೈ ಊರಿ ವಿರಾಜಮಾನರಾದರು.

ಕಿಟಕಿಯಿಂದ ಹಿತ್ತಲಿಗೆ ಪಿಸುಗುಟ್ಟಿದೆ: "ಲೇ, ನಿಮ್ಮಮ್ಮನ್ನ ಸ್ವಲ್ಪ ಆಚೆ ಕರಿಯೇ!"

"ಮಂಡಿನೋವು ರೀ, ಈಗಷ್ಟೇ ಕೂತಿದ್ದಾಳೆ. ಬಾಗಿಲ ಕೆಳಗೆ ತಂತಿ ತೂರಿಸಿ, ಅವಳೇ ಸಿಕ್ಕಿಸ್ತಾಳೆ."

ತಂತಿಯ ಈ ತುದಿ ನನ್ನ ಕೈಯಲ್ಲಿ, ಆ ತುದಿ ಅವರ ಕೈಯಲ್ಲಿ! ಇಂಥ ಧರ್ಮಸೂಕ್ಷ್ಮ ಬಲ್ಲವರು ಹೆಂಡತಿಯ ಸೋದರತ್ತೆ ನಬಾಜ್ಜ, ಫೋನು ಮಾಡಿದೆ.

"ತಂತಿ ಅಂದ್ರೆ ಮುಟ್ಟಿದ ಹಾಗೇ ಕಣಪ್ಪ," ಎಂದರು. "ಬೆರಳು ಉದ್ದ ಆಯ್ತು, ಅಷ್ಟೇ."

"ತಂತಿ ಇಲ್ಲದೆ, ಗಾಳಿಯಲ್ಲಿ ಹೋದರೆ?"

"ಗಾಳಿಗೆ ಮೈಲಿಗೆ ಇಲ್ಲ."

ಜೈ ಬ್ಲೂಟೂತ್! ಆದರೆ ಅದಕ್ಕೂ ಪ್ರಿಂಟರಿನ ಗುಂಡಿಯನ್ನು ಯಾರಾದರೂ ಒತ್ತಿ ಹಿಡಿಯಬೇಕಲ್ಲ? ನಕಿಮೇರಾಳ ಕೈಯೆಲ್ಲ ಓಡಿ. ಬಾಗಿಲ ಹಿಂದೆ ಮಂಡಿಯೂರಿ ಕೂಗಿದೆ: "ಅತ್ತೆಯವರೇ, ಪಕ್ಕದ ಗುಂಡಿ ಒತ್ತಿ ಹಿಡೀತೀರಾ?"

"ಒತ್ತಿದೆ ಅಳಿಯಂದ್ರೇ. ನೀಲಿ ದೀಪ ಮಿಟುಕ್ತಾ ಇದೆ. ಮನೇಲೆಲ್ಲ ಕ್ಷೇಮವೇ?"

"ಕ್ಷೇಮ," ಎಂದೆ. ಗುಪ್ತಸಂಖ್ಯೆ ನಾಲ್ಕು ಸೊನ್ನೆ. ಹೆದರಿಕೆಗೆ ಏಳು ಬಿದ್ದವು. ಮತ್ತೆ ಒತ್ತಿದೆ, ಐದು. ಇನ್ನೊಮ್ಮೆ, ಮೂರು. ಒಂಬತ್ತೂಕಾಲು.

"ಅಳಿಯಂದ್ರೇ, ನನ್ನ ಫೋನು ಏನೋ ಕೇಳ್ತಾ ಇದೆ. ಸೇರಿಸಲಾ ಅಂತೆ. ಹೂಂ ಅಂದೆ. ಸಂಖ್ಯೆ ಎಷ್ಟು ಹಾಕ್ಲಿ?"

"ನಾಲ್ಕು ಸೊನ್ನೆ... ಅಯ್ಯೋ, ನಿಮ್ಮ ಫೋನಿಗಲ್ಲ!"

ಅಷ್ಟರಲ್ಲಿ ಪ್ರಿಂಟರು ಗುರ್ರ್ ಎಂದಿತು. ಹೋದ ವಾರ ನಕಿಮೇರಾ ಜಂಬಕ್ಕೆ ತಾಯಿಗೆ ಕಳಿಸಿದ್ದ ಚೀಟಿಯ ಚಿತ್ರ ಅತ್ತೆಯವರ ಫೋನಿನಲ್ಲಿಯೇ ಇತ್ತು. ಅವರು ಒತ್ತಿದರು, ಇನ್ನೂರು ಎಂದರು, ಬಂತು. ಹತ್ತಕ್ಕೆ ವ್ಯಾನು ಹಾರನ್ ಹೊಡೆದಾಗ ಇನ್ನೂರು ಡಬ್ಬಿಗೂ ಚೀಟಿ ಅಂಟಿತ್ತು. ನಾನಿನ್ನೂ ಸೊನ್ನೆ ಎಣಿಸುತ್ತಿದ್ದೆ.

ಈಗ ವಾರವಾರವೂ ಆರ್ಡರು. ಪ್ರಿಂಟರಿಗೆ ಅತ್ತೆಯವರ ಫೋನು ಬಿಟ್ಟು ಇನ್ನಾವುದೂ ಬೇಡ. ಅದನ್ನು ಬಿಡಿಸಲು ಮತ್ತೆ ಗುಂಡಿ ಒತ್ತಬೇಕು, ಗುಂಡಿ ಅವರ ಮೊಣಕೈ ಕೆಳಗಿದೆ.

"ಈ ಯಂತ್ರ ನನ್ನ ಮಾತು ಬಿಟ್ರೆ ಇನ್ಯಾರ ಮಾತೂ ಕೇಳಲ್ಲ," ಎಂದು ಅವರು ಊರಿನಿಂದ ತಮ್ಮ ಬಟ್ಟೆಯ ಪೆಟ್ಟಿಗೆಯನ್ನೂ ತರಿಸಿಕೊಂಡಿದ್ದಾರೆ. ಎರಡು ತಿಂಗಳಿಂದ ನಾನು ನನ್ನ ಹಾಸಿಗೆಗೆ ಹೋಗುವುದೂ ಬರುವುದೂ ಕಿಟಕಿಯಿಂದಲೇ.

ನಿನ್ನೆಯಿಂದ ಕೈ ನಡುಗುತ್ತಿದೆ. ಒಬುಕೊ ಹಿಡಿಯಿತೆಂದು ಗೋಳಾಡಿದೆ.

"ಒಬುಕೊನೂ ಇಲ್ಲ, ಮಣ್ಣೂ ಇಲ್ಲ," ಎಂದಳು ನಕಿಮೇರಾ, "ಐವತ್ತೆರಡನೇ ವಯಸ್ಸಿಗೆ ಕಿಟಕಿಗೆ ಜೋತುಬಿದ್ರೆ ಇನ್ನೇನಾಗುತ್ತೆ? ಏಣಿ ತರಿಸ್ತೀನಿ ಇರಿ."